ಸೋಲಾರ್ ಪ್ಯಾನಲ್ ಹಿಂದಿನ ಚೀಟಿ ಓದೋದು ಹೇಗೆ? ಯಾವ ಗುರುತು ಏನು ಹೇಳುತ್ತೆ?

ಈಗ ಊರೂರಲ್ಲೂ ಮನೆ ಮೇಲೆ ಸೋಲಾರ್ ಹಾಕಿಸುವ ಮಾತು. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲಿನದಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಹಾಗಾಗಿ ಹೆಚ್ಚಿನವರು ಕೇಳೋದು ಎರಡೇ ಪ್ರಶ್ನೆ: ರೇಟ್ ಎಷ್ಟು, ಸಬ್ಸಿಡಿ ಎಷ್ಟು?

ಮೂರನೇ ಪ್ರಶ್ನೆ ಒಂದಿದೆ. ಪ್ಯಾನಲ್ ಹಿಂದೆ ಅಂಟಿಸಿರುವ ಚೀಟಿಯಲ್ಲಿ ಏನಿದೆ? ಅಲ್ಲಿ ನಾಲ್ಕೈದು ಗುರುತು ಇರುತ್ತವೆ. "ಎಲ್ಲಾ ಸರ್ಟಿಫಿಕೇಟ್ ಇದೆ ಸಾರ್" ಅಂತ ಮಾರುವವರು ಹೇಳ್ತಾರೆ, ನಾವೂ ತಲೆ ಆಡಿಸ್ತೀವಿ. ಆದರೆ ಆ ಗುರುತುಗಳೆಲ್ಲ ಒಂದೇ ವಿಷಯ ಹೇಳೋದಿಲ್ಲ. ಕೆಲವು ಸುರಕ್ಷತೆ ಬಗ್ಗೆ, ಕೆಲವು ಸಬ್ಸಿಡಿ ಬಗ್ಗೆ, ಇನ್ನು ಕೆಲವು ಬರೀ ಕಾರ್ಖಾನೆಯ ಲೆಕ್ಕಪತ್ರದ ಬಗ್ಗೆ. ಯಾವುದು ಯಾವುದಕ್ಕೆ ಅನ್ನೋದನ್ನ ಈ ವಾರ ನೋಡೋಣ.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಬೇಕು. ಪ್ಯಾನಲ್‌ನಿಂದ ಬರುವುದು ಡಿಸಿ ಕರೆಂಟ್. ಸುಮಾರು 550 ವ್ಯಾಟ್‌ನ ಒಂದು ಪ್ಯಾನಲ್ 50 ವೋಲ್ಟ್ ಹತ್ತಿರ ಕೊಡುತ್ತೆ. 3 ಕಿಲೋವ್ಯಾಟ್‌ಗೆ ಅಂಥ ಆರು ಪ್ಯಾನಲ್ ಸಾಲಾಗಿ ಜೋಡಿಸಿದರೆ 300 ವೋಲ್ಟ್ ಆಯ್ತು. ಮನೆಯ ಲೈನ್ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತೆ, ಹಾಗಾಗಿ ಸಡಿಲ ಜಾಯಿಂಟ್‌ನಲ್ಲಿ ಕಿಡಿ ಹುಟ್ಟಿದರೂ ಆರುವುದಕ್ಕೆ ಅವಕಾಶ ಇರುತ್ತೆ. ಡಿಸಿ ಸೊನ್ನೆಗೆ ಇಳಿಯೋದೇ ಇಲ್ಲ. ಒಮ್ಮೆ ಕಿಡಿ ಹತ್ತಿದರೆ ಉರಿಯುತ್ತಲೇ ಇರುತ್ತೆ. ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವ ತನಕ ಪ್ಯಾನಲ್ ಮತ್ತು ಅದರ ವೈರ್‌ನಲ್ಲಿ ವೋಲ್ಟೇಜ್ ಇದ್ದೇ ಇರುತ್ತೆ.

ನಮ್ಮ ಮನೆಗಳ ಅಟ್ಟದಲ್ಲಿ, ಪಕ್ಕದಲ್ಲಿ ಏನಿರುತ್ತೆ? ಕೊಬ್ಬರಿ, ಒಣಗಿದ ಅಡಿಕೆ, ಹುಲ್ಲಿನ ಬಣವೆ, ಕೊಟ್ಟಿಗೆಯಲ್ಲಿ ಕಟ್ಟಿದ ದನ. ಪೇಟೆ ಮನೆಗಿಂತ ಹಳ್ಳಿ ಮನೆಗೆ ಕಿಡಿಯ ಭಯ ಜಾಸ್ತಿ. ಅದಕ್ಕೇ ಚೀಟಿ ಓದಬೇಕು.

ಮೊದಲು ಹುಡುಕಬೇಕಾದ್ದು: ಬಿಐಎಸ್ ನೋಂದಣಿ ಗುರುತು

ಸಿಮೆಂಟ್ ಚೀಲದ ಮೇಲಿನ ಐಎಸ್‌ಐ ಗುರುತು ನಮಗೆಲ್ಲ ಗೊತ್ತು. ಪ್ಯಾನಲ್ ಮೇಲೆ ಅದನ್ನೇ ಹುಡುಕಿದರೆ ಸಿಗೋದಿಲ್ಲ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2017ರಲ್ಲಿ ಹೊರಡಿಸಿದ ಆದೇಶದ ಮೂಲಕ ಪ್ಯಾನಲ್‌ಗಳಿಗೆ ಬಂದದ್ದು ಕಡ್ಡಾಯ ನೋಂದಣಿ ಪದ್ಧತಿ. ಇದರ ಗುರುತು ಬೇರೆ. ಬಿಐಎಸ್ ಚಿಹ್ನೆ, ಜೊತೆಗೆ ಐಎಸ್ ಸಂಖ್ಯೆ, ಆಮೇಲೆ ಇಂಗ್ಲಿಷಿನ ಆರ್ ಅಕ್ಷರ, ಒಂದು ಅಡ್ಡಗೆರೆ, 8 ಅಂಕಿ. ಇದನ್ನೇ ಆರ್ ನಂಬರ್ ಅಂತಾರೆ.

ಮನೆಗಳಿಗೆ ಬರುವ ಸಿಲಿಕಾನ್ ಪ್ಯಾನಲ್‌ಗೆ ಎರಡು ಮಾನದಂಡ ಮುಖ್ಯ.

1. ಐಎಸ್ 14286: ಇದು ಬಾಳಿಕೆಯ ಪರೀಕ್ಷೆ. ಪ್ಯಾನಲನ್ನು ಮೈನಸ್ 40 ಡಿಗ್ರಿಯಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗೆ 200 ಸಲ ತಣಿಸಿ ಕಾಯಿಸುತ್ತಾರೆ. 85 ಡಿಗ್ರಿ ಶಾಖ, ಶೇ. 85 ತೇವಾಂಶದಲ್ಲಿ 1,000 ಗಂಟೆ ಇಡುತ್ತಾರೆ. 25 ಮಿಲಿಮೀಟರ್ ದಪ್ಪದ ಐಸ್ ಉಂಡೆಯನ್ನು ಗಂಟೆಗೆ ಸುಮಾರು 83 ಕಿಲೋಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಅಂದ್ರೆ ಆಲಿಕಲ್ಲು ಮಳೆಯ ಪರೀಕ್ಷೆ. ಗಾಳಿಯ ಒತ್ತಡಕ್ಕಾಗಿ ಚದರ ಮೀಟರ್‌ಗೆ ಕನಿಷ್ಠ 245 ಕೆ.ಜಿ.ಯಷ್ಟು ಭಾರ ಹೇರುತ್ತಾರೆ.

2. ಐಎಸ್/ಐಇಸಿ 61730: ಸುರಕ್ಷತೆಯ ಪರೀಕ್ಷೆ ಇದು. ಒದ್ದೆಯಾದಾಗ ಫ್ರೇಮ್‌ಗೆ ಕರೆಂಟ್ ಸೋರುತ್ತಾ, ಹಿಮ್ಮುಖವಾಗಿ ಕರೆಂಟ್ ನುಗ್ಗಿದರೆ ಪ್ಯಾನಲ್ ಹೊತ್ತಿಕೊಳ್ಳುತ್ತಾ, ಫ್ರೇಮ್‌ನ ಅರ್ಥಿಂಗ್ ಸರಿಯಾಗಿ ಸಾಗುತ್ತಾ ಅಂತ ನೋಡುತ್ತಾರೆ.

ಮೊದಲನೆಯದು "ಎಷ್ಟು ವರ್ಷ ಬಾಳುತ್ತೆ" ಅನ್ನೋದಕ್ಕೆ, ಎರಡನೆಯದು "ಮನೆಯವರಿಗೆ ಅಪಾಯ ಇಲ್ವಾ" ಅನ್ನೋದಕ್ಕೆ. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಒಪ್ಪಬೇಡಿ.

ಆರ್ ನಂಬರ್ ಪರೀಕ್ಷಿಸೋದು ಐದು ನಿಮಿಷದ ಕೆಲಸ

ಚೀಟಿ ಪ್ರಿಂಟ್ ಮಾಡೋದು ಕಷ್ಟವೇನಲ್ಲ, ಹಾಗಾಗಿ ಗುರುತು ಕಂಡ ತಕ್ಷಣ ನಂಬಬೇಡಿ. ಮೊಬೈಲ್‌ನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಆರ್ ನಂಬರ್ ಪರಿಶೀಲಿಸುವ ಆಯ್ಕೆ ಇದೆ. ನಂಬರ್ ಹಾಕಿ, ಮೂರು ವಿಷಯ ಹೋಲಿಸಿ:

• ತಯಾರಕರ ಹೆಸರು ಮತ್ತು ಬ್ರ್ಯಾಂಡ್ ನಿಮ್ಮ ಚೀಟಿಯಲ್ಲಿರುವುದೇ ಆಗಿದೆಯೇ?
• ನೋಂದಣಿ ಸೋಲಾರ್ ಪ್ಯಾನಲ್‌ಗೇ ಸೇರಿದ್ದೋ, ಬೇರೆ ಯಾವುದೋ ವಸ್ತುವಿನದೋ?
• ನೋಂದಣಿ ಚಾಲ್ತಿಯಲ್ಲಿದೆಯೇ, ಅವಧಿ ಮುಗಿದಿದೆಯೇ?

ಮೂರರಲ್ಲಿ ಒಂದು ತಾಳೆಯಾಗದಿದ್ದರೂ ಪ್ಯಾನಲ್ ಮೇಲೇರಿಸಬೇಡಿ. ಚೀಟಿಯ ಫೋಟೋ ತೆಗೆದಿಟ್ಟುಕೊಂಡು ಮಾರಿದವರಿಂದ ಲಿಖಿತ ಉತ್ತರ ಕೇಳಿ. ಅದೇ ಆ್ಯಪ್‌ನಲ್ಲಿ ದೂರನ್ನೂ ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ದೊಡ್ಡದಾಗಿ ಕಾಣುವ, ಆದರೆ ಸಾಲದ ಗುರುತುಗಳು

ಸಿಇ: ಯುರೋಪಿನಲ್ಲಿ ಮಾರಲು ತಯಾರಕರು ತಾವೇ ಮಾಡಿಕೊಳ್ಳುವ ಘೋಷಣೆ. ಬೇರೆ ಯಾರೋ ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರ ಅಂತ ತಿಳಿಯಬೇಡಿ. ನಮ್ಮಲ್ಲಿ ಇದು ಬಿಐಎಸ್‌ಗೆ ಬದಲಿ ಆಗೋದಿಲ್ಲ.

ಐಎಸ್‌ಒ 9001: ಕಾರ್ಖಾನೆಯ ಆಡಳಿತ, ದಾಖಲೆ ಪದ್ಧತಿ ಸರಿಯಾಗಿದೆ ಅನ್ನೋದಷ್ಟೇ ಇದರ ಅರ್ಥ. ನಿಮ್ಮ ಪ್ಯಾನಲ್ ಬಗ್ಗೆ ಇದು ಒಂದು ಮಾತೂ ಹೇಳೋದಿಲ್ಲ.

"ಐಇಸಿ ಒಪ್ಪಿತ": ಐಇಸಿ ಮಾನದಂಡ ಬರೆಯುವ ಸಂಸ್ಥೆ. ಅದು ತಾನಾಗಿ ಯಾವ ಪ್ಯಾನಲ್ಲನ್ನೂ ಪರೀಕ್ಷಿಸಿ ಒಪ್ಪಿಗೆ ಕೊಡೋದಿಲ್ಲ. "ಯಾವ ಐಇಸಿ ಸಂಖ್ಯೆ, ಯಾವ ಲ್ಯಾಬ್ ಪರೀಕ್ಷೆ ಮಾಡಿತು" ಅಂತ ಕೇಳಿ.

ಟಿಯುವಿ, ಯುಎಲ್: ಮೊದಲನೆಯದು ಜರ್ಮನಿ ಮೂಲದ್ದು, ಎರಡನೆಯದು ಅಮೆರಿಕ ಮೂಲದ್ದು. ಎರಡೂ ನಿಜವಾದ ಪರೀಕ್ಷಾ ಸಂಸ್ಥೆಗಳೇ. ಪ್ರಮಾಣಪತ್ರದ ಸಂಖ್ಯೆ ಇದ್ದರೆ ಒಳ್ಳೆಯದು. ಆದರೆ ಸಂಖ್ಯೆ ಇಲ್ಲದೆ ಬರೀ ಲೋಗೋ ಇದ್ದರೆ ಅದಕ್ಕೆ ಬೆಲೆ ಇಲ್ಲ.

ಎಎಲ್‌ಎಂಎಂ ಮತ್ತು ಡಿಸಿಆರ್: ಇವೆರಡರ ಗೊಂದಲ

ಎಎಲ್‌ಎಂಎಂ ಅಂದ್ರೆ ಕೇಂದ್ರ ಸಚಿವಾಲಯ ಒಪ್ಪಿದ ಪ್ಯಾನಲ್ ಮಾದರಿ ಮತ್ತು ತಯಾರಕರ ಪಟ್ಟಿ. ಇದರ ಆದೇಶ 2019ರ ಜನವರಿಯಲ್ಲಿ ಬಂತು. ಇಲ್ಲಿ ಕಂಪನಿ ಹೆಸರು ಇದ್ದರೆ ಸಾಲದು, ನಿಮ್ಮ ಚೀಟಿಯಲ್ಲಿರುವ ಮಾದರಿ ಸಂಖ್ಯೆಯೂ ಇರಬೇಕು.

ಡಿಸಿಆರ್ ಬೇರೆ. ಒಳಗಿನ ಸೆಲ್ ಮತ್ತು ಹೊರಗಿನ ಪ್ಯಾನಲ್ ಎರಡೂ ಭಾರತದಲ್ಲೇ ತಯಾರಾಗಿದ್ದರೆ ಅದು ಡಿಸಿಆರ್ ಪ್ಯಾನಲ್. ಸೂರ್ಯ ಘರ್ ಸಹಾಯಧನಕ್ಕೆ ಡಿಸಿಆರ್ ಪ್ಯಾನಲ್ಲೇ ಬೇಕು. ಪಟ್ಟಿಯಲ್ಲಿದ್ದೂ ಡಿಸಿಆರ್ ಅಲ್ಲದ ಪ್ಯಾನಲ್‌ಗಳಿವೆ, ಅವಕ್ಕೆ ರೇಟ್ ಕಡಿಮೆ. "ಇದೂ ಸರ್ಕಾರಿ ಪಟ್ಟಿಯಲ್ಲಿದೆ" ಅನ್ನೋ ಮಾತು ನಂಬಿ ಹಾಕಿಸಿದರೆ 78,000 ರೂಪಾಯಿ ಕೈತಪ್ಪಬಹುದು. ಕೊಟೇಶನ್ ಮತ್ತು ಬಿಲ್ ಎರಡರಲ್ಲೂ ಡಿಸಿಆರ್ ಅಂತ ಬರೆಸಿಕೊಳ್ಳಿ.

ಇನ್ನೊಂದು ಮಾತು ನೆನಪಿರಲಿ. ಡಿಸಿಆರ್ ಅನ್ನೋದು ಎಲ್ಲಿ ತಯಾರಾಯ್ತು ಅಂತ ಹೇಳುತ್ತೆ, ಎಷ್ಟು ಸುರಕ್ಷಿತ ಅಂತ ಅಲ್ಲ.

ಚೀಟಿಯ ಉಳಿದ ಸಾಲುಗಳು

ಚೌಕದೊಳಗೆ ಚೌಕ: ಇದು ಕ್ಲಾಸ್ 2 ಗುರುತು. ಮುಟ್ಟಿದವರಿಗೆ ಶಾಕ್ ಹೊಡೆಯದಂತೆ ಇಮ್ಮಡಿ ಅಥವಾ ಬಲಪಡಿಸಿದ ಇನ್ಸುಲೇಶನ್ ಇದೆ ಅಂತ ಅರ್ಥ. ಹಾಗಂತ ಫ್ರೇಮ್‌ಗೆ ಅರ್ಥಿಂಗ್ ಬಿಡುವಂತಿಲ್ಲ.

ಗರಿಷ್ಠ ಸಿಸ್ಟಂ ವೋಲ್ಟೇಜ್: 1000 ಅಥವಾ 1500 ವೋಲ್ಟ್ ಅಂತ ಇರುತ್ತೆ. ಸಾಲಾಗಿ ಜೋಡಿಸಿದ ಪ್ಯಾನಲ್‌ಗಳ ಒಟ್ಟು ವೋಲ್ಟೇಜ್ ಇದನ್ನು ಮೀರಬಾರದು. ಚಳಿಗಾಲದ ಬೆಳಗ್ಗೆ ವೋಲ್ಟೇಜ್ ಏರುತ್ತೆ ಅನ್ನೋದೂ ಲೆಕ್ಕಕ್ಕಿರಲಿ.

ಗರಿಷ್ಠ ಫ್ಯೂಸ್: ಇಷ್ಟು ಆಂಪಿಯರ್ ಅಂತ ಬರೆದಿರುತ್ತೆ. ಅದಕ್ಕಿಂತ ದೊಡ್ಡ ಫ್ಯೂಸ್ ಹಾಕಬಾರದು. "ದೊಡ್ಡದಿದ್ರೆ ಪದೇ ಪದೇ ಹೋಗಲ್ಲ" ಅನ್ನೋ ವಾದವನ್ನ ಪಂಪ್‌ಸೆಟ್ ಸ್ಟಾರ್ಟರ್ ಹತ್ತಿರ ಕೇಳಿದ್ದೀರಿ. ಇಲ್ಲಿ ಆ ವಾದ ಬೆಂಕಿಗೆ ದಾರಿ.

ಕೊಟ್ಟಿಗೆ, ಕೋಳಿ ಫಾರಂ, ಕಡಲ ತೀರ ಇದ್ದವರಿಗೆ

ಇದು ನಮ್ಮ ಓದುಗರಿಗೆ ಮುಖ್ಯ. ಗಂಜಲ ಮತ್ತು ಕೋಳಿ ಹಿಕ್ಕೆಯಿಂದ ಏಳುವ ಅಮೋನಿಯಾ ಪ್ಯಾನಲ್‌ನ ಜೋಡಣೆಗಳನ್ನ ತಿನ್ನುತ್ತೆ. ಕೊಟ್ಟಿಗೆ ಅಥವಾ ಫಾರಂ ಶೆಡ್ ಮೇಲೇ ಪ್ಯಾನಲ್ ಹಾಕಿಸುವವರು ಐಇಸಿ 62716 ಅಮೋನಿಯಾ ಪರೀಕ್ಷೆಯ ಪ್ರಮಾಣಪತ್ರ ಕೇಳಿ. ಕಾರವಾರದಿಂದ ಉಳ್ಳಾಲದವರೆಗೆ ಕಡಲ ಪಕ್ಕದಲ್ಲಿ ಇರುವವರು ಐಇಸಿ 61701 ಉಪ್ಪುಗಾಳಿ ಪರೀಕ್ಷೆ ಆಗಿದೆಯೇ ಅಂತ ಕೇಳಿ. ಮೇಲೆ ಹೇಳಿದ ಎರಡು ಮುಖ್ಯ ಪರೀಕ್ಷೆಗಳಲ್ಲಿ ಇವು ಸೇರಿರೋದಿಲ್ಲ. ನಾವಾಗಿ ಕೇಳದಿದ್ದರೆ ಯಾರೂ ತೋರಿಸೋದಿಲ್ಲ.

ಇನ್ವರ್ಟರ್ ಚೀಟಿ ಮರೀಬೇಡಿ

ಪ್ಯಾನಲ್ ಎಷ್ಟೇ ಚೆನ್ನಾಗಿರಲಿ, ಇನ್ವರ್ಟರ್ ಕೆಟ್ಟದ್ದಾದರೆ ಪ್ರಾಣಕ್ಕೆ ಅಪಾಯ ಬೇರೆಯವರಿಗೆ. ಲೈನ್ ಹೋದಾಗ ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ತಕ್ಷಣ ಲೈನ್‌ಗೆ ಕರೆಂಟ್ ಬಿಡೋದು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ನಮ್ಮ ಮನೆ ಕರೆಂಟ್ ಹಿಂದಕ್ಕೆ ಹರಿದು, ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯುತ್ತೆ. ಇದನ್ನ ಪರೀಕ್ಷಿಸುವ ಮಾನದಂಡ ಐಎಸ್ 16169. ಇನ್ವರ್ಟರ್‌ನ ವಿದ್ಯುತ್ ಸುರಕ್ಷತೆಗೆ ಐಎಸ್ 16221 ಭಾಗ 2. ಎರಡೂ ಸಂಖ್ಯೆ, ಜೊತೆಗೆ ಆರ್ ನಂಬರ್ ಇದೆಯೇ ನೋಡಿ. ಡಿಸಿ ವೈರ್ ಮೇಲೆ ಐಎಸ್ 17293 ಅಂತ ಅಚ್ಚಾಗಿದ್ದರೆ ಅದು ಸೋಲಾರ್‌ಗೇ ಮಾಡಿದ, ಬಿಸಿಲು ತಡೆಯುವ ವೈರ್. ಸಾಮಾನ್ಯ ಮನೆ ವೈರಿಂಗ್ ವೈರ್ ಛಾವಣಿ ಮೇಲೆ ಎಳೆಯಲು ಬಿಡಬೇಡಿ.

ಗುರುತು ಹೇಳದಿರುವ ವಿಷಯ

ನೋಂದಣಿಗೆ ಪರೀಕ್ಷೆ ಆಗೋದು ಆ ಮಾದರಿಯ ಕೆಲವು ಪ್ಯಾನಲ್‌ಗಳಿಗೆ. ನಿಮ್ಮ ಮನೆಗೆ ಬಂದ ಪ್ಯಾನಲ್ ಲಾರಿಯಲ್ಲಿ ಕುಲುಕಿ ಬಂದಿದೆ, ಕೈ ಬದಲಾಗಿದೆ. ಬಿತ್ತನೆ ಬೀಜದ ಚೀಲಕ್ಕೆ ಟ್ಯಾಗ್ ಇದ್ದರೂ ನಾವು ಹಿಡಿ ಬೀಜ ಮೊಳಕೆ ಕಟ್ಟಿ ನೋಡ್ತೀವಲ್ಲ, ಹಾಗೇ ಇಲ್ಲೂ. ಇಳಿಸಿದ ದಿನವೇ ಇಷ್ಟು ಮಾಡಿ:

• ಪ್ರತಿ ಪ್ಯಾನಲ್‌ನ ಚೀಟಿ ಫೋಟೋ ತೆಗೆಯಿರಿ. ಮೇಲೇರಿದ ಮೇಲೆ ಹಿಂದಿನ ಚೀಟಿ ಕಾಣಲ್ಲ.
• ಗಾಜಿನೊಳಗೆ ಸೀರಿಯಲ್ ನಂಬರ್ ಇದ್ದರೆ ಅದು ಚೀಟಿಯದಕ್ಕೆ, ಬಿಲ್‌ನದಕ್ಕೆ ತಾಳೆಯಾಗಬೇಕು. ಚೀಟಿ ಕಿತ್ತು ಮತ್ತೆ ಅಂಟಿಸಿದಂತಿದ್ದರೆ ವಾಪಸ್ ಕಳಿಸಿ.
• ಸೀರಿಯಲ್ ನಂಬರ್‌ವಾರು ಕಾರ್ಖಾನೆಯ ಫ್ಲ್ಯಾಶ್ ಟೆಸ್ಟ್ ವರದಿ ಕೇಳಿ. ಪ್ರತಿ ಪ್ಯಾನಲ್ ನಿಜವಾಗಿ ಎಷ್ಟು ವ್ಯಾಟ್ ಕೊಟ್ಟಿತು ಅಂತ ಅದರಲ್ಲಿರುತ್ತೆ.
• ಗಾಜಿನ ಬಿರುಕು, ಬಾಗಿದ ಫ್ರೇಮ್, ಹಿಂಬದಿಯ ಗೀರು ನೋಡಿ. ಹಿಂಬದಿ ಹರಿದರೆ ಇನ್ಸುಲೇಶನ್ ಹೋದಂತೆ.

ಆರು ಪ್ಯಾನಲ್‌ಗೆ ಇದಕ್ಕೆಲ್ಲ ಒಂದು ಗಂಟೆ ಸಾಕು. ಈ ಸಾಮಾನು 25 ವರ್ಷ ನಮ್ಮ ತಲೆ ಮೇಲಿರುತ್ತೆ. ಹಣ ಪೂರ್ತಿ ಕೊಡುವ ಮುಂಚೆ ಆ ಒಂದು ಗಂಟೆ ಕೊಡಿ. ಇಂಗ್ಲಿಷ್ ಚೀಟಿ ಓದೋದು ಕಷ್ಟ ಅನಿಸಿದರೆ ಮನೆಯಲ್ಲಿ ಓದುವ ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಕೂರಿಸಿ, ಆರ್ ನಂಬರ್ ಅವರೇ ಹುಡುಕಿ ಕೊಡ್ತಾರೆ.