ವಿಂಚಿನ ಸಿಂಥೆಟಿಕ್ ಹಗ್ಗ ತುಂಡಾದರೂ ಯಾರಿಗೂ ಏಟಾಗುವುದಿಲ್ಲವೇ?

'ಉಕ್ಕಿಗಿಂತ 15 ಪಟ್ಟು ಗಟ್ಟಿ. ನೀರಿನಲ್ಲಿ ತೇಲುತ್ತದೆ. ತುಂಡಾದರೂ ಪಕ್ಕದಲ್ಲಿ ನಿಂತವರಿಗೆ ಏನೂ ಆಗುವುದಿಲ್ಲ.' ಜೀಪು, ಥಾರ್ ಇಟ್ಟುಕೊಂಡವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಒಕ್ಕಣೆಯ ಸಂದೇಶಗಳು ಬಣ್ಣಬಣ್ಣದ ಹಗ್ಗದ ಫೋಟೋ ಜೊತೆ ಬರುತ್ತಲೇ ಇರುತ್ತವೆ. ಇದರಲ್ಲಿ ಒಂದು ಮಾತು ನಿಜ, ಒಂದು ಅರ್ಧ ನಿಜ. ಮೂರನೆಯದನ್ನು ನಂಬಿದರೆ ಜೀವಕ್ಕೆ ಅಪಾಯವಿದೆ.

ವಿಂಚ್ ಎಂದರೆ ಗಾಡಿಯ ಮುಂದಿನ ಬಂಪರಿಗೆ ಕೂರಿಸುವ, ಬ್ಯಾಟರಿಯಿಂದ ತಿರುಗುವ ಮೋಟಾರು. ಅದರ ಡ್ರಮ್ಮಿಗೆ ಹಗ್ಗ ಸುತ್ತಿರುತ್ತದೆ. ಗಾಡಿ ಕೆಸರಿನಲ್ಲಿ ಹೂತರೆ ಹಗ್ಗದ ತುದಿಯನ್ನು ಮರಕ್ಕೋ ಇನ್ನೊಂದು ಗಾಡಿಗೋ ಸಿಕ್ಕಿಸಿ ಸ್ವಿಚ್ ಒತ್ತಿದರೆ ಗಾಡಿ ತನ್ನನ್ನು ತಾನೇ ಎಳೆದುಕೊಂಡು ಹೊರಬರುತ್ತದೆ. ಇದು ರ‍್ಯಾಲಿಗೆ ಹೋಗುವವರ ಷೋಕಿ ಮಾತ್ರ ಎಂದುಕೊಳ್ಳಬೇಡಿ. ಮಲೆನಾಡು ಮುಗಿದು ಬಯಲು ಶುರುವಾಗುವ ಸೆರಗಿನಲ್ಲಿರುವ ಆನವಟ್ಟಿಯ ಸುತ್ತ ಜುಲೈ–ಆಗಸ್ಟಿನಲ್ಲಿ ಗದ್ದೆ ಬದುವಿನ ದಾರಿಗೋ ಶುಂಠಿ ಹೊಲಕ್ಕೋ ಗಾಡಿ ಇಳಿಸಿದವರಿಗೆ ಹೂತುಹೋಗುವುದು ಹೊಸದಲ್ಲ. ಅಂಥ ಹೊತ್ತಿನಲ್ಲಿ ನಮ್ಮೂರುಗಳಲ್ಲಿ ಇನ್ನೊಂದೂ ಆಗುತ್ತದೆ: ಹತ್ತು ಜನ ಸುತ್ತ ಸೇರುತ್ತಾರೆ, ಮಕ್ಕಳು ಹಗ್ಗದ ಪಕ್ಕದಲ್ಲೇ ನಿಂತು ವಿಡಿಯೋ ಮಾಡುತ್ತಾರೆ. ಮೂರನೆಯ ಮಾತು ಅಪಾಯಕಾರಿಯಾಗುವುದು ಇಲ್ಲಿಯೇ.

15 ಪಟ್ಟು ಎಂಬ ಲೆಕ್ಕ

ವಿಂಚಿಗೆ ಬಳಸುವ ಸಿಂಥೆಟಿಕ್ ಹಗ್ಗ ಒಂದು ವಿಶೇಷ ಬಗೆಯ ಪಾಲಿಥೀನಿನದು. ಹಾಲಿನ ಪ್ಯಾಕೆಟ್ಟಿನ ಪಾಲಿಥೀನಿಗೂ ಇದಕ್ಕೂ ರಸಾಯನದಲ್ಲಿ ವ್ಯತ್ಯಾಸ ಕಡಿಮೆ, ಆದರೆ ಇದರ ಅಣುಸರಪಳಿಗಳು ಬಹಳ ಉದ್ದ. ಎಳೆ ತೆಗೆಯುವಾಗ ಅವನ್ನೆಲ್ಲ ಒಂದೇ ದಿಕ್ಕಿಗೆ ಬಾಚಿದಂತೆ ಹಿಗ್ಗಿಸಿರುತ್ತಾರೆ. ನೆದರ್ಲೆಂಡ್ಸಿನ ಡಿಎಸ್ಎಂ ಕಂಪನಿಯ ಪ್ರಯೋಗಾಲಯದಲ್ಲಿ 1970ರ ದಶಕದ ಕೊನೆಗೆ ಈ ವಿಧಾನ ರೂಪುಗೊಂಡಿತು. ಡೈನೀಮಾ, ಸ್ಪೆಕ್ಟ್ರಾ ಎಂಬವು ಇದೇ ನೂಲಿನ ವ್ಯಾಪಾರದ ಹೆಸರುಗಳು.

ಉಕ್ಕಿಗಿಂತ 15 ಪಟ್ಟು ಎಂಬುದು ಒಂದೇ ತೂಕದ ಹೋಲಿಕೆ. ಅಂಗಡಿಯಲ್ಲಿ ನೀವು ಹಗ್ಗವನ್ನು ತೂಕದಿಂದ ಆರಿಸುವುದಿಲ್ಲ, ದಪ್ಪದಿಂದ ಆರಿಸುತ್ತೀರಿ. ಸುಮಾರು 10 ಮಿಲಿಮೀಟರ್ ದಪ್ಪದ ಉಕ್ಕಿನ ವಿಂಚ್ ಹಗ್ಗ ಆರು, ಆರೂವರೆ ಟನ್ನಿಗೆ ತುಂಡಾಗುತ್ತದೆ. ಅದೇ ದಪ್ಪದ ಒಳ್ಳೆಯ ಸಿಂಥೆಟಿಕ್ ಹಗ್ಗ ಹೊಸದಾಗಿದ್ದಾಗ ಸುಮಾರು ಒಂಬತ್ತು ಟನ್ ತಡೆಯುತ್ತದೆ. ಅಂದರೆ ಒಂದೂವರೆ ಪಟ್ಟಿಗಿಂತ ಕಡಿಮೆ. ನಿಜವಾದ ಲಾಭ ತೂಕದಲ್ಲಿದೆ: 28 ಮೀಟರ್ ಉಕ್ಕಿನ ಹಗ್ಗ ಹತ್ತು ಕಿಲೋ ತೂಗಿದರೆ ಇದು ಒಂದೂವರೆ ಕಿಲೋ. ಮೊಣಕಾಲುದ್ದ ಕೆಸರಿನಲ್ಲಿ ಹಗ್ಗದ ತುದಿ ಹಿಡಿದು ಮರದ ತನಕ ಹೋಗುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನೀರಿನಲ್ಲಿ ತೇಲುತ್ತದೆ ಎಂಬುದಂತೂ ಪೂರ್ತಿ ನಿಜ.

ತುಂಡಾದಾಗ ಏನಾಗುತ್ತದೆ?

ಎಳೆದ ಹಗ್ಗ ಹಿಗ್ಗಿದ ಸ್ಪ್ರಿಂಗಿನ ಹಾಗೆ. ಅದರಲ್ಲಿ ಕೂಡಿಟ್ಟ ಶಕ್ತಿ ಎರಡು ಸಂಗತಿಗಳ ಮೇಲೆ ನಿಂತಿದೆ: ಎಷ್ಟು ಬಲದಿಂದ ಎಳೆದಿದ್ದೀರಿ, ಹಗ್ಗ ಎಷ್ಟು ಹಿಗ್ಗಿದೆ. 20 ಮೀಟರ್ ಹಗ್ಗವನ್ನು ನಾಲ್ಕು ಟನ್ ಬಲದಿಂದ ಎಳೆದಿದ್ದೀರಿ ಎಂದುಕೊಳ್ಳಿ. ಉಕ್ಕಿನದಾದರೂ ಡೈನೀಮಾದಂಥದ್ದಾದರೂ ಅದು ಹಿಗ್ಗುವುದು ಒಂದು ಗೇಣಿನ ಆಸುಪಾಸು. ಶಕ್ತಿಯ ಲೆಕ್ಕ ಹಾಕಿದರೆ ಸುಮಾರು 4,000 ಜೌಲ್ ಬರುತ್ತದೆ. 40 ಕಿಲೋದ ಒಂದು ಚೀಲವನ್ನು ಹತ್ತು ಮೀಟರ್ ಎತ್ತರದಿಂದ ಕೆಡವಿದಷ್ಟು. ಈ ಶಕ್ತಿ ಎರಡೂ ಹಗ್ಗದಲ್ಲಿ ಇದ್ದೇ ಇರುತ್ತದೆ. ಫಾರ್ವರ್ಡ್ ಹೇಳುವಂತೆ ಸಿಂಥೆಟಿಕ್ಕಿನಲ್ಲಿ ಅದು ಮಾಯವಾಗುವುದಿಲ್ಲ.

ಬದಲಾಗುವುದು ಆ ಶಕ್ತಿ ಹೊತ್ತು ಹಾರುವ ವಸ್ತು. ಉಕ್ಕಿನ ಹಗ್ಗ ತಾನೇ ಭಾರ, ಜೊತೆಗೆ ಹೊಸೆದದ್ದು. ಹಾಗಾಗಿ ತುಂಡಾದರೆ ಸುರುಳಿ ಬಿಚ್ಚಿಕೊಂಡು ಚಾಟಿಯಂತೆ ಎತ್ತೆತ್ತಲೋ ಬೀಸುತ್ತದೆ. ಸಿಂಥೆಟಿಕ್ ಹಗ್ಗ ಹಗುರ. ಹೆಚ್ಚಿನ ಸಲ ಎಳೆದ ಗೆರೆಯಲ್ಲೇ ಹಿಂದೆ ಸರಿದು ಬೀಳುತ್ತದೆ. ಇಷ್ಟರಮಟ್ಟಿಗೆ ಅದು ಉಕ್ಕಿಗಿಂತ ಸುರಕ್ಷಿತ ಎಂಬುದನ್ನು ಒಪ್ಪೋಣ.

ಆದರೆ ಹಗ್ಗವೇ ತುಂಡಾಗಬೇಕೆಂದು ಯಾರು ಹೇಳಿದರು? ಹಗ್ಗಕ್ಕೆ ಒಂಬತ್ತು ಟನ್ ತಾಕತ್ತು ಕೊಟ್ಟ ಮೇಲೆ ಮೊದಲು ಸೋಲುವುದು ಎದುರಿನ ಗಾಡಿಯ ಹುಕ್ಕೋ, ತುಕ್ಕು ಹಿಡಿದ ಬೋಲ್ಟೋ, ಟ್ರೇಲರ್ ಸಿಕ್ಕಿಸುವ ಗುಂಡೋ ಆಗಿರಬಹುದು. ಅದು ಕಿತ್ತು ಬಂದರೆ ಹಗುರವಾದ ಹಗ್ಗದ ತುದಿಯಲ್ಲಿ ಒಂದು ಕಿಲೋ ಕಬ್ಬಿಣ ಕವಣೆಕಲ್ಲಿನಂತೆ ಹಾರಿ ಬರುತ್ತದೆ. ಗಾಡಿ ಎಳೆಯುವಾಗ ಹೀಗೆ ಕಿತ್ತುಬಂದ ಕಬ್ಬಿಣ ಬಡಿದು ಆಸ್ಟ್ರೇಲಿಯಾದಲ್ಲಿ ಸಾವುಗಳಾಗಿವೆ. ಅಲ್ಲಿ ಮಾರುವ ಎಳೆಪಟ್ಟಿಗಳ ಮೇಲೆ ಎಚ್ಚರಿಕೆ ಅಚ್ಚು ಹಾಕಿರಲೇಬೇಕೆಂದು ಅಲ್ಲಿನ ಸರ್ಕಾರ 2010ರಲ್ಲಿ ನಿಯಮವನ್ನೇ ಮಾಡಿತು.

ಆದ್ದರಿಂದ ಹಗ್ಗ ಯಾವುದೇ ಇರಲಿ, ನಡುವೆ ಒಂದು ಒದ್ದೆ ಗೋಣಿಚೀಲವನ್ನೋ ದಪ್ಪ ಕಂಬಳಿಯನ್ನೋ ಹೊದಿಸಿ. ಹಗ್ಗ ತುಂಡಾದರೆ ಅದು ಹಾರುವ ತುದಿಯನ್ನು ನೆಲಕ್ಕೆ ಜಗ್ಗುತ್ತದೆ. ಎಳೆದ ಹಗ್ಗವನ್ನು ಯಾರೂ ದಾಟಬಾರದು. ನೋಡಲು ಬಂದವರನ್ನು ಹಗ್ಗದ ಉದ್ದಕ್ಕಿಂತ ಹೆಚ್ಚು ದೂರ, ಎಳೆತದ ಗೆರೆಯಿಂದ ಪಕ್ಕಕ್ಕೆ ಕಳಿಸಿ. ಊರಿನವರಿಗೆ 'ಸ್ವಲ್ಪ ಆಚೆ ಹೋಗಿ' ಎನ್ನಲು ಸಂಕೋಚವಾಗುತ್ತದೆ ನಿಜ. ಆದರೂ ಮೋಟಾರು ಒತ್ತುವ ಮೊದಲು ಹೇಳಲೇಬೇಕಾದ ಮಾತು ಅದು. ಕಬ್ಬಿಣದ ಶ್ಯಾಕಲ್ ಬದಲು ಅದೇ ನೂಲಿನ ಮೆತ್ತನೆಯ ಶ್ಯಾಕಲ್‌ಗಳೂ ಸಿಗುತ್ತವೆ. ಹಗ್ಗಕ್ಕೆ ದುಡ್ಡು ಹಾಕುವವರು ಅದಕ್ಕೂ ಹಾಕಿದರೆ ಹಾರುವ ಕಬ್ಬಿಣದಲ್ಲಿ ಒಂದು ತುಂಡು ಕಡಿಮೆಯಾಯಿತು.

'ಒಂದು ಜರ್ಕ್ ಕೊಡಿ'

ಟ್ರಾಕ್ಟರ್ ಬಂದ ಕೂಡಲೇ ಕೇಳಿಬರುವ ಮಾತು ಇದು. ಡೈನೀಮಾ ಜಾತಿಯ ಹಗ್ಗಕ್ಕೆ ಜರ್ಕ್ ಕೊಡಲೇಬಾರದು. ಎರಡು ಟನ್ನಿನ ಟ್ರಾಕ್ಟರ್ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಸಡಿಲ ಹಗ್ಗವನ್ನು ಬಿಗಿಮಾಡಿತು, ಹೂತ ಗಾಡಿ ಅಲುಗಲಿಲ್ಲ ಎಂದುಕೊಳ್ಳಿ. ಟ್ರಾಕ್ಟರಿನ ಅಷ್ಟೂ ಓಟ ಒಂದು ಗೇಣು ಹಿಗ್ಗುವಷ್ಟರಲ್ಲಿ ನಿಲ್ಲಬೇಕು. ಆ ಕ್ಷಣದಲ್ಲಿ ಹಗ್ಗದ ಮೇಲೆ ಬೀಳುವ ಬಲ ಏಳು ಟನ್ ದಾಟುತ್ತದೆ. ಗಾಡಿಯ ಹುಕ್ಕುಗಳು ಇಷ್ಟಕ್ಕೆ ಮಾಡಿದವಲ್ಲ.

ಜರ್ಕ್ ಕೊಟ್ಟು ಎಳೆಯಲೆಂದೇ ಇರುವುದು ನೈಲಾನಿನ ಹಿಗ್ಗುವ ಹಗ್ಗ. ಅದೂ ಸಿಂಥೆಟಿಕ್ಕೇ. ಗೊಂದಲ ಶುರುವಾಗುವುದು ಇಲ್ಲಿ: ಅಂಗಡಿಯಲ್ಲೂ ಫಾರ್ವರ್ಡಿನಲ್ಲೂ ಎರಡನ್ನೂ 'ಸಿಂಥೆಟಿಕ್ ಹಗ್ಗ' ಎಂದೇ ಕರೆಯುತ್ತಾರೆ. ನೈಲಾನ್ 20 ಮೀಟರಿಗೆ ಎರಡು ಮೀಟರ್ ಸಲೀಸಾಗಿ ಹಿಗ್ಗುತ್ತದೆ. ನಾಲ್ಕು ಟನ್ನಿಗೆ ಅದರಲ್ಲಿ ಕೂಡುವ ಶಕ್ತಿ ಮೊದಲಿನ ಲೆಕ್ಕದ ಹತ್ತು ಪಟ್ಟು. ಹಾಗಾಗಿ ಅದನ್ನು ವಿಂಚಿನ ಡ್ರಮ್ಮಿಗೆ ಸುತ್ತಬಾರದು, ವಿಂಚಿನ ಹಗ್ಗಕ್ಕೆ ಜೋಡಿಸಿ ಉದ್ದ ಮಾಡಲೂಬಾರದು.

ಎಷ್ಟು ಬಲ ಬೇಕಾಗುತ್ತದೆ ಎಂಬುದಕ್ಕೆ ಸೈನ್ಯದವರು ಬಳಸುವ ಒಂದು ಅಂದಾಜಿದೆ. ಚಕ್ರ ಮುಳುಗುವಷ್ಟು ಹೂತರೆ ಗಾಡಿಯ ತೂಕದಷ್ಟು ಎಳೆತ, ಮಡ್‌ಗಾರ್ಡ್ ತನಕ ಹೂತರೆ ಅದರ ಎರಡು ಪಟ್ಟು. ಸಾಮಾನು ಸಮೇತ ಎರಡು ಟನ್ ಆಗುವ ಥಾರಿಗೆ ಎರಡನೆಯ ಸ್ಥಿತಿಯಲ್ಲಿ ನಾಲ್ಕು ಟನ್ ಬೇಕು. ಪೇಟೆಯಲ್ಲಿ ಹೆಚ್ಚು ಕಾಣುವ 9,500 ಪೌಂಡಿನ ವಿಂಚ್ ಎಂದರೆ ಸುಮಾರು 4.3 ಟನ್. ಅದೂ ಡ್ರಮ್ಮಿನ ಮೇಲೆ ಒಂದೇ ಸುತ್ತಿನ ಪದರ ಉಳಿದಿರುವಾಗ ಮಾತ್ರ, ಪದರ ಹೆಚ್ಚಿದಷ್ಟೂ ಬಲ ಇಳಿಯುತ್ತದೆ. ಇಂಥ ಕಡೆ ಚಕ್ರದ ಮುಂದಿನ ಮಣ್ಣನ್ನು ಗುದ್ದಲಿಯಿಂದ ತೆಗೆಯುವುದು ದುಬಾರಿ ಹಗ್ಗಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಮರಕ್ಕೆ ರಾಟೆ ಕಟ್ಟಿ ಹಗ್ಗವನ್ನು ಗಾಡಿಗೇ ತಿರುಗಿಸಿ ತಂದರೆ ಎಳೆತ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ, ಆದರೆ ಆ ಇಮ್ಮಡಿ ಭಾರ ಮರದ ಮೇಲೂ ಬೀಳುತ್ತದೆ. ಮಾವು, ಹಲಸು, ಮತ್ತಿಯಂಥ ಬಲಿತ ಮರ ಹುಡುಕಿ, ಬುಡದಲ್ಲಿ ಅಗಲವಾದ ಪಟ್ಟಿ ಸುತ್ತಿ. ಅಡಿಕೆ ಮರಕ್ಕೆ ಮಾತ್ರ ಕಟ್ಟಬೇಡಿ. ಅದರ ಬೇರು ಆಳಕ್ಕೆ ಹೋಗಿರುವುದಿಲ್ಲ. ಗಾಡಿ ಬರದೆ ಮರ ಬಂದರೆ ತೋಟದವರಿಗೆ ಉತ್ತರ ಹೇಳಬೇಕಾದವರು ನೀವೇ.

ಗಂಟು, ಮಣ್ಣು, ಶಾಖ

ನಮ್ಮಲ್ಲಿ ಹಗ್ಗ ಎಂದ ಮೇಲೆ ಗಂಟು ಇದ್ದದ್ದೇ. ದನದ ಕಣ್ಣಿಯಿಂದ ಹುಲ್ಲಿನ ಗಾಡಿಯ ತನಕ ಎಲ್ಲವೂ ಗಂಟಿನ ಮೇಲೆ ನಿಂತಿದೆ. ಈ ಹಗ್ಗಕ್ಕೆ ಅದು ಒಗ್ಗದು. ಮೇಣದಂತೆ ಜಾರುವ ನೂಲು, ಹಾಗಾಗಿ ಗಂಟು ಜಾರಿ ಬಿಚ್ಚಿಕೊಳ್ಳಬಹುದು. ನಿಂತರೂ ತಾಕತ್ತು ಅರ್ಧಕ್ಕೆ ಇಳಿಯುತ್ತದೆ. ತುಂಡಾದ ಹಗ್ಗವನ್ನು ಸೇರಿಸುವ ಸರಿಯಾದ ದಾರಿಯೆಂದರೆ ಜಡೆಯಂತೆ ಹೆಣೆದ ಟೊಳ್ಳು ಹಗ್ಗದೊಳಕ್ಕೆ ಇನ್ನೊಂದು ತುದಿಯನ್ನು ಪೋಣಿಸುವುದು. ದಪ್ಪದ ಸುಮಾರು 70 ಪಟ್ಟು ಉದ್ದ, ಅಂದರೆ 10 ಮಿಲಿಮೀಟರ್ ಹಗ್ಗಕ್ಕೆ 70 ಸೆಂಟಿಮೀಟರಿನಷ್ಟು ಒಳಗೆ ಹೋಗಬೇಕು. ಎಳೆದಷ್ಟೂ ಹೊರಗಿನ ಹೆಣಿಗೆ ಒಳಗಿನದನ್ನು ಬಿಗಿಯಾಗಿ ಹಿಡಿಯುತ್ತದೆ. ಒಮ್ಮೆ ಕಲಿತರೆ ಗದ್ದೆಯ ಅಂಚಿನಲ್ಲೇ ಕುಳಿತು ಮಾಡಬಹುದು. ಉಕ್ಕಿನ ಹಗ್ಗಕ್ಕೆ ಈ ಸೌಲಭ್ಯ ಇಲ್ಲ.

ಈ ಹಗ್ಗದ ದೊಡ್ಡ ಶತ್ರು ಮಣ್ಣು, ಅದರಲ್ಲೂ ಜಂಬಿಟ್ಟಿಗೆ ಕಲ್ಲಿನ ಚೂರು ಬೆರೆತ ಒರಟು ಮಣ್ಣು. ಕೆಸರಿನಲ್ಲಿ ಎಳೆದಾಗ ಹರಳುಗಳು ಹೆಣಿಗೆಯೊಳಗೆ ಸೇರಿಕೊಂಡು, ಪ್ರತಿ ಸಲ ಬಿಗಿದಾಗಲೂ ಒಳಗಿಂದ ನೂಲನ್ನು ಕೊಯ್ಯುತ್ತವೆ. ಹೊರಗೆ ನೋಡಿದರೆ ಹಗ್ಗ ಚೆನ್ನಾಗಿಯೇ ಇರುತ್ತದೆ. ಬಳಸಿದ ಮೇಲೆ ಪೂರ್ತಿ ಬಿಚ್ಚಿ, ಬಕೆಟ್ಟಿನಲ್ಲಿ ನೆನೆಸಿ ತೊಳೆದು, ನೆರಳಿನಲ್ಲಿ ಒಣಗಿಸಿ ಸುತ್ತಬೇಕು. ಮೊದಲು ಉಕ್ಕಿನ ಹಗ್ಗವಿದ್ದ ವಿಂಚಾದರೆ ಹಗ್ಗ ಹೊರಬರುವ ಬಾಯಿಯನ್ನೂ ಬದಲಿಸಿ. ಉಕ್ಕು ಉಜ್ಜಿ ಎಬ್ಬಿಸಿದ ಮುಳ್ಳುಗಳು ಹೊಸ ಹಗ್ಗವನ್ನು ಒಂದೇ ಎಳೆತದಲ್ಲಿ ಹರಿಯಬಲ್ಲವು.

ಶಾಖದ ವಿಷಯ ಯಾವ ಫಾರ್ವರ್ಡಿನಲ್ಲೂ ನೋಡಿಲ್ಲ. ಈ ನೂಲು 145–150 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗುತ್ತದೆ. 70 ಡಿಗ್ರಿ ದಾಟಿದರೇ ಬಲ ಕುಗ್ಗತೊಡಗುತ್ತದೆ. ಹಲವು ವಿಂಚುಗಳಲ್ಲಿ ಬ್ರೇಕು ಡ್ರಮ್ಮಿನ ಒಳಗೇ ಇರುತ್ತದೆ. ಇಳಿಜಾರಿನಲ್ಲಿ ಗಾಡಿಯನ್ನು ವಿಂಚಿನ ಮೇಲೆ ನಿಧಾನವಾಗಿ ಇಳಿಬಿಟ್ಟರೆ ಆ ಬ್ರೇಕು ಕಾದು, ಡ್ರಮ್ಮಿಗೆ ಅಂಟಿದ ಪದರ ಮೆತ್ತಗಾಗುತ್ತದೆ. ಕೊಡಚಾದ್ರಿಯಂಥ ಘಟ್ಟದ ಜಾಡಿನಲ್ಲಿ ಹೀಗೆ ಇಳಿಸುವವರು ಬ್ರೇಕು ಡ್ರಮ್ಮಿನ ಹೊರಗಿರುವ ವಿಂಚ್ ನೋಡಿಕೊಳ್ಳಬೇಕು. ಜಾರುವ ನೂಲಾದ್ದರಿಂದ ಡ್ರಮ್ಮಿನ ಮೇಲೆ ಯಾವಾಗಲೂ ಹತ್ತು ಸುತ್ತಾದರೂ ಉಳಿದಿರಬೇಕು. ಉಕ್ಕಿಗೆ ಐದು ಸಾಕು.

ಹಾಗಾದರೆ ಯಾವುದು ಕೊಳ್ಳುವುದು?

ಮಳೆಗಾಲದಲ್ಲಿ ತಿಂಗಳಿಗೆ ಒಂದೆರಡು ಸಲವಾದರೂ ವಿಂಚ್ ಬಳಸುತ್ತೀರಿ, ತೊಳೆದಿಡುವ ತಾಳ್ಮೆಯೂ ಇದೆ ಎಂದರೆ ಸಿಂಥೆಟಿಕ್ಕೇ ಒಳ್ಳೆಯದು. ಬಿಸಿಲಿನಲ್ಲಿ ಗಾಡಿ ನಿಂತಿರುತ್ತದೆ, ವಿಂಚ್ ವರ್ಷಕ್ಕೊಮ್ಮೆ ತಿರುಗಿದರೆ ಹೆಚ್ಚು ಎನ್ನುವವರಿಗೆ ಉಕ್ಕು ಸಾಕು. ಬಿಸಿಲು ಸಿಂಥೆಟಿಕ್ ನೂಲನ್ನು ಮೆಲ್ಲಗೆ ಸವೆಸುತ್ತದೆ. ಉಕ್ಕು ಕೆಟ್ಟರೆ ತುಕ್ಕು, ಮಡಚಿದ ಗುರುತು, ಎದ್ದ ತಂತಿಯಾಗಿ ಕಣ್ಣಿಗೆ ಕಾಣುತ್ತದೆ. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮದ ಕೈಗವಸು ಇರಲಿ.

ಕೊಳ್ಳುವಾಗ ಒಂದು ಮೋಸದ ಬಗ್ಗೆ ಎಚ್ಚರ. 'ನೀರಿಗೆ ಹಾಕಿ ನೋಡಿ, ತೇಲಿದರೆ ಅಸಲಿ' ಎಂಬ ಪರೀಕ್ಷೆ ಅರ್ಧ ಮಾತ್ರ ಸರಿ. ನೈಲಾನ್, ಪಾಲಿಯೆಸ್ಟರ್ ಮುಳುಗುತ್ತವೆ, ಆದರೆ ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹಗ್ಗವೂ ತೇಲುತ್ತದೆ. ಅದೇ 10 ಮಿಲಿಮೀಟರ್ ದಪ್ಪದಲ್ಲಿ ಅದರ ತಾಕತ್ತು ಸುಮಾರು ಒಂದೂವರೆ ಟನ್. ಬೆಂಕಿಕಡ್ಡಿ ಪರೀಕ್ಷೆಯೂ ಕೆಲಸಕ್ಕೆ ಬಾರದು, ಎರಡೂ ಕರಗುತ್ತವೆ. ನೂಲಿನ ಹೆಸರು, ದಪ್ಪ, ಎಷ್ಟು ಟನ್ನಿಗೆ ತುಂಡಾಗುತ್ತದೆ ಎಂಬ ಮೂರನ್ನೂ ಪರೀಕ್ಷಾ ಪತ್ರದಲ್ಲಿ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಹಗ್ಗದ ಅಂಕಿ ವಿಂಚಿನ ಅಂಕಿಯ ಎರಡು ಪಟ್ಟಿನಷ್ಟಿರಲಿ.

ವಿಂಚ್ ಕೂರಿಸಲು ದಪ್ಪ ಕಬ್ಬಿಣದ ಬಂಪರ್ ಹಾಕಿಸುವ ಮೊದಲು ಇನ್ನೊಂದು ಸಂಗತಿ ತಿಳಿದಿರಿ. ಗಾಡಿಯ ಮುಂದೆ ಹೊರಗಿನಿಂದ ಜೋಡಿಸುವ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಆಧಾರ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಇಂಥ ಬಂಪರು ಡಿಕ್ಕಿಯ ಹೊಡೆತವನ್ನು ಸೆನ್ಸರಿಗೆ ತಲುಪುವ ರೀತಿಯನ್ನೇ ಬದಲಿಸಬಹುದು. ಹಗ್ಗಕ್ಕೆ ಮುಂಗಡ ಕೊಡುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಈ ಬಗ್ಗೆ ವಿಚಾರಿಸಿಕೊಳ್ಳಿ.