ಆಲಮಟ್ಟಿಯ ಬಿಸಿಲಿಗೆ ಎಂಥ ಮನೆ ಬೇಕು?

ಏಪ್ರಿಲ್ ಕೊನೆಯಲ್ಲಿ ಆಲಮಟ್ಟಿ ಸುತ್ತಿನ ಪುನರ್ವಸತಿ ಕೇಂದ್ರಗಳಿಗೆ ರಾತ್ರಿ ಹೊತ್ತು ಹೋದರೆ ಜನ ಮಲಗಿರುವುದು ಅಂಗಳದಲ್ಲಿ, ಇಲ್ಲವೇ ಚತ್ತಿನ ಮೇಲೆ. 40 ಡಿಗ್ರಿ ದಾಟಿದ ಬಿಸಿಲನ್ನು ಹಗಲೆಲ್ಲ ಕುಡಿದ ಆರ್‌ಸಿಸಿ ಚತ್ತು ಸಂಜೆಯಿಂದ ಅದನ್ನು ಕೆಳಗೆ ಬಿಡತೊಡಗುತ್ತದೆ. ಫ್ಯಾನು ಆ ಬಿಸಿಗಾಳಿಯನ್ನೇ ತಿರುವಿ ಹಾಕುತ್ತದೆ. ಕೃಷ್ಣೆಯ ಹಿನ್ನೀರಿನಡಿ ಹೋದ ಊರುಗಳಲ್ಲಿ ಇದೇ ಮನೆತನಗಳ ಹಿರಿಯರು ಮಧ್ಯಾಹ್ನ ಮನೆಯೊಳಗೆ ಹೋಗುತ್ತಿದ್ದುದು ತಂಪು ಹುಡುಕಿಕೊಂಡು.

ಅವು ಮಾಳಿಗೆ ಮನೆಗಳು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮರದ ಕಂಬ, ತೊಲೆ, ಜಂತಿ, ಜಂತಿಯ ಮೇಲೆ ಕಟ್ಟಿಗೆ ಮತ್ತು ಸೊಪ್ಪು, ಅದರ ಮೇಲೆ ಅಡಿಯಷ್ಟು ಮಣ್ಣು. ಮುಂಗಾರಿಗೆ ಮುಂಚೆ ಹುಲ್ಲು ಕಿತ್ತು, ಹೊಸ ಹಾಳಮಣ್ಣು ಹರಡಿ ಬಡಿಯುವುದು ವರ್ಷ ವರ್ಷದ ಕೆಲಸ. ತಲಬಾಗಿಲು ದಾಟಿದರೆ ದನಗಳ ಜಾಗ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಒಳಗೆ ಅಡುಗೆಮನೆ, ದೇವರ ಜಗಲಿ, ಜೋಳದ ಹಗೇವು. ಕಿಟಕಿಗಳು ಇಲ್ಲವೆನ್ನುವಷ್ಟು ಕಡಿಮೆ. ಬೆಳಕು ಬೀಳುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ. ಓಣಿ ಇಕ್ಕಟ್ಟು, ನೆರೆಮನೆಗೂ ತಮ್ಮ ಮನೆಗೂ ಗೋಡೆ ಒಂದೇ.

ರಾಜಸ್ಥಾನದ ಜೈಸಲ್ಮೇರ್, ಇರಾನಿನ ಯಜ್ದ್ ಪಟ್ಟಣಗಳ ಹಳೆಯ ಮನೆಗಳ ತರ್ಕವೂ ಇದೇ. ಒಂದೂವರೆ ಅಡಿ ದಪ್ಪದ ಗೋಡೆಯನ್ನು ದಾಟಿ ಒಳಗೆ ಬರಲು ಬಿಸಿಲ ಕಾವಿಗೆ ಹತ್ತು-ಹನ್ನೆರಡು ತಾಸು ಬೇಕು. ಅಷ್ಟರಲ್ಲಿ ಹೊರಗೆ ರಾತ್ರಿಯ ತಂಗಾಳಿ ಬಂದಿರುತ್ತದೆ. ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಿಸಿಲು ತಾಗುವ ಮೈಯೇ ಕಡಿಮೆ. ಮರುಭೂಮಿಯ ವಿದ್ಯೆ ವಿಜಯಪುರಕ್ಕೆ ಹೊಸದೂ ಅಲ್ಲ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದ ನಗರಕ್ಕೆ ನೆಲದಡಿಯ ಸುರಂಗದಲ್ಲಿ ನೀರು ಹರಿದದ್ದು ಪರ್ಷಿಯಾದ ಕನಾತ್ ಪದ್ಧತಿಯಲ್ಲೇ. ಬೀದರಿನ ನೌಬಾದ್ ಕರೇಜ್ ಅದೇ ವಿದ್ಯೆಯ ಇನ್ನೊಂದು ಕುಡಿ.

ಹಾಗೆಂದು ಅಜ್ಜನ ಮನೆಯನ್ನು ಇದ್ದ ಹಾಗೇ ಎತ್ತಿ ತರುವಂತಿಲ್ಲ. ಹೊಗೆಯಲ್ಲಿ ಕಣ್ಣು ಕಳೆದುಕೊಂಡವರು ಅಡುಗೆಮನೆಯ ಹೆಂಗಸರು. ಮರುಭೂಮಿಯಲ್ಲಿ ಇಲ್ಲದ ಮಳೆ ಇಲ್ಲಿದೆ: ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು, ಕೆಲವೊಮ್ಮೆ ಅದರಲ್ಲಿ ದೊಡ್ಡ ಪಾಲು ನಾಲ್ಕಾರು ದಿನದಲ್ಲೇ. 2009ರ ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಅದಕ್ಕೂ ಘೋರವಾದದ್ದು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನಡೆದ ಭೂಕಂಪ. ಅಲ್ಲಿಯ ಮನೆಗಳೂ ದಪ್ಪ ಕಲ್ಲುಗೋಡೆಯ, ಭಾರಿ ಮಣ್ಣಿನ ಮಾಳಿಗೆಯವೇ. ಗೋಡೆಯ ಒಳಪದರ ಮತ್ತು ಹೊರಪದರಗಳ ನಡುವೆ ಕಟ್ಟು ಇರಲಿಲ್ಲ. ನೆಲ ನಡುಗಿದಾಗ ಪದರಗಳು ಬಿಚ್ಚಿಕೊಂಡು, ಮಲಗಿದ್ದವರ ಮೇಲೆ ಮಾಳಿಗೆ ಬಿತ್ತು. ಸಾವಿರಾರು ಜನ ಸತ್ತರು. ತಂಪು ಕೊಡುವ ಭಾರವೇ ಕೊಲ್ಲಬಲ್ಲದು ಎನ್ನುವುದನ್ನು ಈ ಭಾಗದಲ್ಲಿ ಮನೆ ಕಟ್ಟುವ ಯಾರೂ ಮರೆಯಬಾರದು.

ಆದ್ದರಿಂದ ಇಂದಿನ ಮನೆಯಲ್ಲಿ ದಪ್ಪ ಗೋಡೆ ಎಲ್ಲ ಕಡೆ ಬೇಡ. ಸಂಜೆಯ ಬಿಸಿಲು ಹೊಡೆಯುವ ಪಡುವಣಕ್ಕೆ ಮಾತ್ರ ಒಂದೂವರೆ ಅಡಿಯ ಕಲ್ಲುಗೋಡೆ ಸಾಕು. ಎರಡು ಅಡಿ ಎತ್ತರಕ್ಕೊಮ್ಮೆ, ನಾಲ್ಕು ಅಡಿ ಅಂತರಕ್ಕೊಂದರಂತೆ ಗೋಡೆಯ ಆಚೀಚೆ ಮುಟ್ಟುವ ಉದ್ದಗಲ್ಲು ಕೂರಿಸಬೇಕು. ಬಾಗಿಲ ಮಟ್ಟದಲ್ಲೊಂದು, ಚತ್ತಿನ ಮಟ್ಟದಲ್ಲೊಂದು ಕಬ್ಬಿಣದ ಸರಳಿನ ಕಾಂಕ್ರೀಟ್ ಪಟ್ಟಿ ಇಡೀ ಮನೆಯನ್ನು ಸುತ್ತುವರಿಯಬೇಕು. ಆ ಗೋಡೆಗೆ ಕಿಟಕಿ ಬೇಡ. ಬಚ್ಚಲು, ಮೆಟ್ಟಿಲು, ಕಾಳಿನ ಕೋಣೆಗಳನ್ನು ಅದಕ್ಕೆ ಆನಿಸಿದರೆ ಬಿಸಿಲಿನ ಪೆಟ್ಟು ಅವೇ ತಿನ್ನುತ್ತವೆ.

ಉಳಿದ ಗೋಡೆಗಳಿಗೆ ಒತ್ತಿದ ಮಣ್ಣಿನ ಬ್ಲಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಹದಗೊಳಿಸಿದ ವಿಧಾನ ಇದು. ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು-ನಾಲ್ಕು ವಾರ ನೀರುಣಿಸಿದರೆ ಆಯಿತು. ಭಟ್ಟಿ ಬೇಡ, ಸುಡಲು ಕಟ್ಟಿಗೆ-ಕಲ್ಲಿದ್ದಲು ಬೇಡ. ಮಣ್ಣಿನ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಎರೆಮಣ್ಣು ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಹೊಂದದು; ಮರಳು ಬೆರೆತ ಮಸಾರಿ ಒಳ್ಳೆಯದು. ಎರೆ ಭೂಮಿಯಲ್ಲೇ ಮನೆ ಕಟ್ಟುವವರು ಗರಸು ಸಿಗುವ ತನಕ ಪಾಯ ಇಳಿಸಲೇಬೇಕು.

ಮನೆ ನಡುವೆ ಹತ್ತಡಿ ಚದರದ ಅಂಗಳ ಬಿಟ್ಟರೆ ರಾತ್ರಿಯ ತಂಪು ಅಲ್ಲಿ ಇಳಿದು ಕೋಣೆಗಳಿಗೆ ಹರಡುತ್ತದೆ. ಬೆಳಕಿಂಡಿಯನ್ನು ಎರಡಡಿ ಎತ್ತರಿಸಿ, ಪಕ್ಕಕ್ಕೆ ಜಾಲಿ ಕೊಟ್ಟು, ಮೇಲೆ ಮುಚ್ಚಿದರೆ ಮಳೆ ಒಳಗೆ ಬಾರದು, ಬಿಸಿಗಾಳಿ ಮಾತ್ರ ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ಕಿಟಕಿಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುವುದನ್ನು ಮನೆಮಂದಿಯೆಲ್ಲ ರೂಢಿಸಿಕೊಳ್ಳಬೇಕು. ಇದಿಲ್ಲದೆ ಉಳಿದದ್ದೆಲ್ಲ ಅರ್ಧ ವ್ಯರ್ಥ. ಇನ್ನು ನೀರು: ನೂರು ಚದರ ಮೀಟರ್ ಚತ್ತಿನ ಮೇಲೆ ಬಡ ವರ್ಷದ 500 ಮಿಲಿಮೀಟರ್ ಮಳೆ ಬಿದ್ದರೂ 50 ಸಾವಿರ ಲೀಟರ್. ನೂರಕ್ಕೆ ಎಂಬತ್ತು ಪಾಲು ಹಿಡಿದರೆ 40 ಸಾವಿರ. ಐದು ಜನರ ಮನೆಗೆ ದಿನಕ್ಕೆ ನೂರು ಲೀಟರಿನಂತೆ ವರ್ಷಪೂರ್ತಿ ಕುಡಿಯುವ ಮತ್ತು ಅಡುಗೆಯ ನೀರಾಯಿತು.

ಆದರೆ ಒಬ್ಬ ಮಾಲೀಕ ಎಷ್ಟೇ ಜಾಣತನದಿಂದ ಕಟ್ಟಿದರೂ ಓಣಿ ಅವನ ಕೈಯಲ್ಲಿಲ್ಲ. ಪುನರ್ವಸತಿ ಬಡಾವಣೆಯ ನೇರ, ಅಗಲ ರಸ್ತೆಗಳಲ್ಲಿ ಬಿಡಿಬಿಡಿಯಾಗಿ ನಿಂತ ಮನೆಗೆ ನಾಲ್ಕೂ ಕಡೆಯಿಂದ ಬಿಸಿಲು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಇನ್ನಷ್ಟು ಹಳ್ಳಿಗಳೂ ಬಾಗಲಕೋಟೆಯ ಕೆಲವು ಭಾಗಗಳೂ ಜಾಗ ಬದಲಿಸಬೇಕು. ನಕ್ಷೆ ಬರೆಯುವ ಮುನ್ನ ಈಜಿಪ್ಟಿನ ಒಂದು ಅನುಭವವನ್ನು ನೋಡುವುದು ಒಳಿತು. 1940ರ ದಶಕದಲ್ಲಿ ವಾಸ್ತುಶಿಲ್ಪಿ ಹಸನ್ ಫತಿ, ಲಕ್ಸರ್ ಬಳಿಯ ಗೌರ್ನಾದ ಜನರಿಗಾಗಿ ಹಸಿ ಇಟ್ಟಿಗೆಯ ಕಮಾನು ಮತ್ತು ಅಂಗಳಗಳ ಚೆಂದದ ಹೊಸ ಊರು ಕಟ್ಟಿದರು. ಹೆಚ್ಚಿನವರು ಅಲ್ಲಿಗೆ ಹೋಗಲೇ ಇಲ್ಲ. ಅವರ ಬದುಕು ಹಳೆಯ ಊರಿನ ನೆಲಕ್ಕೆ ಅಂಟಿಕೊಂಡಿತ್ತು. ಆಲಮಟ್ಟಿಯಲ್ಲೂ ದನ ಎಲ್ಲಿ ಕಟ್ಟಬೇಕು, ಜೋಳ ಎಲ್ಲಿ ಒಣಗಿಸಬೇಕು, ಯಾರ ಮನೆ ಯಾರ ಪಕ್ಕ ಇರಬೇಕು ಎಂಬುದನ್ನು ಮನೆ ಬಿಡುವವರೇ ಹೇಳಬೇಕು, ಅದೂ ನಿವೇಶನದ ಗೆರೆ ಹಾಕುವ ಮುಂಚೆ.

ಈಗಾಗಲೇ ಆರ್‌ಸಿಸಿ ಮನೆಯಲ್ಲಿ ಇರುವವರಿಗೂ ದಾರಿಯಿದೆ. ಶಿವರಾತ್ರಿ ಕಳೆದೊಡನೆ ಚತ್ತಿಗೆ ದಟ್ಟವಾಗಿ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಮೇಲಕ್ಕೇ ಮರಳುತ್ತದೆ. ಖರ್ಚು ಮಾಡಬಲ್ಲವರು ಮಣ್ಣಿನ ಕುಡಿಕೆಗಳನ್ನು ಬೋರಲು ಜೋಡಿಸಿ ಮೇಲೆ ಗಚ್ಚು ಹಾಕಿಸಬಹುದು. ಕುಡಿಕೆಯೊಳಗಿನ ಗಾಳಿ ಕಾವನ್ನು ತಡೆಯುತ್ತದೆ. ಭಾರ ಹೆಚ್ಚುವುದರಿಂದ ಮೊದಲು ಎಂಜಿನಿಯರಿಗೆ ಚತ್ತು ತೋರಿಸಬೇಕು. ಪಡುವಣ ಗೋಡೆಯಿಂದ ಹತ್ತು-ಹನ್ನೆರಡು ಅಡಿ ದೂರದಲ್ಲಿ ಈ ಮುಂಗಾರಿಗೆ ಎರಡು ಬೇವಿನ ಸಸಿ ನೆಟ್ಟರೆ ಐದಾರು ವರ್ಷದಲ್ಲಿ ಗೋಡೆಗೆ ನೆರಳು ಬೀಳುತ್ತದೆ.