ಕತೆಯ ಮೊದಲ ಸಾಲು ಗೋರಿಯಲ್ಲಿತ್ತು

ಬರ್ಲಿನ್ ಮ್ಯೂಸಿಯಮ್ಮಿನ 3022ನೆಯ ಸಂಖ್ಯೆಯ ಪಪೈರಸ್ ಸುರುಳಿಗೆ ಆರಂಭವೇ ಇರಲಿಲ್ಲ. ನಡು ಇತ್ತು, ಕೊನೆ ಇತ್ತು, ಒಟ್ಟು 311 ಸಾಲುಗಳು ಓದುವ ಸ್ಥಿತಿಯಲ್ಲಿದ್ದವು. ಆದರೆ ಸುರುಳಿ ಬಿಚ್ಚಿದರೆ ಮೊದಲು ಕಾಣುತ್ತಿದ್ದವನು, ಯಾರದೋ ಮಾತು ಕಿವಿಗೆ ಬಿದ್ದು ಗಡಗಡ ನಡುಗುತ್ತಿದ್ದ ಒಬ್ಬ ಮನುಷ್ಯ. ಮರುಕ್ಷಣ ಅವನು ಓಟ ಕೀಳುತ್ತಾನೆ. ಎಲ್ಲಿ ನಿಂತಿದ್ದ, ಕೇಳಿಸಿಕೊಂಡ ಸುದ್ದಿ ಏನು, ಯಾಕೆ ಓಡಿದ ಎನ್ನುವುದು ಹರಿದುಹೋದ ಭಾಗದಲ್ಲಿ ಉಳಿದುಬಿಟ್ಟಿತ್ತು.

ಪಪೈರಸ್ ಸುರುಳಿಗಳಿಗೆ ಈ ಗತಿ ಬರುವುದು ಸಾಮಾನ್ಯ. ಸುತ್ತಿಟ್ಟಾಗ ಕತೆಯ ಆರಂಭ ಹೊರಮೈಗೆ ಬರುತ್ತದೆ. ಕೈ ತಗುಲುವುದು, ಹುಳು ಹಿಡಿಯುವುದು, ತೇವ ತಾಗುವುದು, ಎಲ್ಲ ಮೊದಲು ಅಲ್ಲಿಗೇ. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಈ ಸುರುಳಿಯನ್ನು ನಕಲು ಮಾಡಿ 3,600 ವರ್ಷಕ್ಕೂ ಮೇಲಾಗಿತ್ತು. ಅಷ್ಟು ಉಳಿದದ್ದೇ ಪುಣ್ಯ.

ಅದನ್ನು ಓದಲು ಬರುವವರು ಯುರೋಪಿನಲ್ಲಿ ಆಗ ಬೆರಳೆಣಿಕೆಯಷ್ಟು ಜನ. ಶಾಂಪೋಲಿಯೊಂ 1822ರಲ್ಲಿ ಚಿತ್ರಲಿಪಿಯ ಗುಟ್ಟು ಬಿಡಿಸಿದ ಮೇಲೂ ಮೂವತ್ತು ವರ್ಷ ವಿದ್ವಾಂಸರ ಕಣ್ಣು ರಾಜರ ಹೆಸರು, ದೇವರ ಸ್ತೋತ್ರ, ಯುದ್ಧದ ಶಾಸನಗಳ ಮೇಲೆಯೇ ಇತ್ತು. ಪಿರಮಿಡ್ ಕಟ್ಟಿದ ಜನ ಸುಮ್ಮನೆ ಸಂತೋಷಕ್ಕೆಂದು ಕತೆ ಬರೆದಿರಬಹುದೆಂದು ಯಾರೂ ಎಣಿಸಿರಲಿಲ್ಲ. 1852ರಲ್ಲಿ ದ ರೂಜೆ ಎಂಬ ಫ್ರೆಂಚ್ ವಿದ್ವಾಂಸ ಪ್ಯಾರಿಸ್ಸಿನಲ್ಲಿ ಒಂದು ಪಪೈರಸ್ ಓದಿ, ಇದು ಇಬ್ಬರು ಅಣ್ಣತಮ್ಮಂದಿರ ಕಲ್ಪಿತ ಕತೆ ಎಂದು ತೋರಿಸಿಕೊಟ್ಟಾಗ ಆ ಎಣಿಕೆ ಬುಡಮೇಲಾಯಿತು. 1860ರ ದಶಕದಲ್ಲಿ ಬರ್ಲಿನ್ ಸುರುಳಿಯ ಸರದಿ ಬಂತು. ಅದಕ್ಕೆ ಕೈಹಾಕಿದವರಲ್ಲಿ ಒಬ್ಬರು ಶಾಬಾ, ಫ್ರಾನ್ಸಿನ ದ್ರಾಕ್ಷಾರಸದ ವ್ಯಾಪಾರಿ. ಇನ್ನೊಬ್ಬರು ಗುಡ್ವಿನ್, ಇಂಗ್ಲೆಂಡಿನ ವಕೀಲರು. ಹೊಟ್ಟೆಪಾಡಿನ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ, ಚಿತ್ರಲಿಪಿಯ ಅವಸರದ ಬರವಣಿಗೆಯಾದ ಹೈರಾಟಿಕ್‌ನಲ್ಲಿ ಒಂದೊಂದೇ ಪದ ಬಿಡಿಸಿದ ಇಂಥವರಿಂದಲೇ ಸಿನುಹೆ ಎಂಬ ಪಲಾಯಿತನ ಕತೆ ನಮ್ಮ ಕಾಲಕ್ಕೆ ತಲುಪಿತು.

ಎಂಥ ಕತೆ ಅದು! ಸಿನುಹೆ ಅರಮನೆಯ ನೌಕರ, ರಾಜಕುಮಾರಿ ನೆಫೆರುವಿನ ಸೇವಕ. ನೈಲ್ ನದಿಯನ್ನು ಚುಕ್ಕಾಣಿಯಿಲ್ಲದ ದೋಣಿಯಲ್ಲಿ ದಾಟುತ್ತಾನೆ. ಗಡಿಯ ಕೋಟೆಗೋಡೆಯ ಹತ್ತಿರ, ಮೇಲೆ ನಿಂತ ಕಾವಲುಗಾರನ ಕಣ್ಣಿಗೆ ಬೀಳದಂತೆ ಪೊದೆಯೊಂದರಲ್ಲಿ ಮುದುಡಿ ಕೂರುತ್ತಾನೆ. ರಾತ್ರಿ ನಡೆದು ಬೆಳಗಾಗುವ ಹೊತ್ತಿಗೆ ಬಾಯಾರಿಕೆಯಿಂದ ಗಂಟಲು ಒಣಗಿ, ಸಾವಿನ ರುಚಿಯೇ ಇದು ಅನಿಸುತ್ತದೆ. ಆಗ ದನಗಳ ಕೂಗು ಕೇಳುತ್ತದೆ. ಮರಳುಗಾಡಿನ ಅಲೆಮಾರಿಗಳ ಯಜಮಾನನೊಬ್ಬ ಅವನಿಗೆ ನೀರು ಕೊಟ್ಟು, ಹಾಲು ಕಾಯಿಸಿ ಕೊಡುತ್ತಾನೆ. ನಾಡಿನಿಂದ ನಾಡಿಗೆ ಹೋಗುತ್ತ ಇಂದಿನ ಸಿರಿಯಾ, ಲೆಬನಾನ್ ಕಡೆಯ ಪ್ರದೇಶ ಸೇರಿ, ಅಲ್ಲಿನ ದೊರೆಯ ಹಿರಿಯ ಮಗಳನ್ನು ಮದುವೆಯಾಗಿ, ಅಂಜೂರ ದ್ರಾಕ್ಷಿ ಬೆಳೆಯುವ ಸೀಮೆಯೊಂದಕ್ಕೆ ಒಡೆಯನಾಗುತ್ತಾನೆ.

ಅಲ್ಲಿ ಅವನನ್ನು ಕಾಳಗಕ್ಕೆ ಕರೆಯುವ ಜಟ್ಟಿಯ ಪ್ರಸಂಗವನ್ನು ಓದಿಯೇ ನೋಡಬೇಕು. ಇಡೀ ನಾಡಿನಲ್ಲಿ ಎದುರಿಲ್ಲದವನು ಆ ಜಟ್ಟಿ. ಸಿನುಹೆ ಹಿಂದಿನ ರಾತ್ರಿ ಬಿಲ್ಲಿಗೆ ಹೆದೆ ಕಟ್ಟಿ, ಬಾಣಗಳನ್ನು ಪರೀಕ್ಷಿಸಿ, ಕಠಾರಿ ಮಸೆದು ಮಲಗುತ್ತಾನೆ. ಬೆಳಿಗ್ಗೆ ಊರಿಗೆ ಊರೇ ನೆರೆದಿದೆ, ಹೆಂಗಸರು ಇವನಿಗಾಗಿ ಮರುಗುತ್ತಿದ್ದಾರೆ. ಎದುರಾಳಿಯ ಆಯುಧಗಳೆಲ್ಲ ಗುರಿತಪ್ಪಿ ಪಕ್ಕಕ್ಕೆ ಹಾಯುತ್ತವೆ. ಅವನು ಮೇಲೆ ನುಗ್ಗಿ ಬಂದಾಗ ಸಿನುಹೆ ಬಿಟ್ಟ ಬಾಣ ಕುತ್ತಿಗೆಗೆ ನಾಟುತ್ತದೆ. ಮೂಗಡಿಯಾಗಿ ಬಿದ್ದವನನ್ನು ಅವನದೇ ಕೊಡಲಿಯಿಂದ ಮುಗಿಸುತ್ತಾನೆ. ಕ್ರಿಸ್ತಪೂರ್ವ 1900ರ ಆಸುಪಾಸಿನಲ್ಲಿ ಕಟ್ಟಿದ ಕತೆ ಇದು. ಇಂದಿನ ಸಾಹಸ ಕಾದಂಬರಿಕಾರ ಇದಕ್ಕೆ ಸೇರಿಸಬೇಕಾದ್ದು ಏನೂ ಇಲ್ಲ.

ಇಷ್ಟೆಲ್ಲ ಇದ್ದೂ ಕತೆ ಎಲ್ಲಿಂದ ಹೊರಟಿತು ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಾದದ್ದು 1886ರಲ್ಲಿ, ಲಕ್ಸರ್ ಎದುರಿನ ಪಶ್ಚಿಮ ದಂಡೆಯ ದೇರ್ ಎಲ್ ಮದೀನಾದಲ್ಲಿ. ರಾಜರ ಕಣಿವೆಯ ಗೋರಿಗಳನ್ನು ಕೊರೆದು ಚಿತ್ರಿಸುತ್ತಿದ್ದ ಕುಶಲಕರ್ಮಿಗಳು ವಾಸವಿದ್ದ ಊರು ಅದು. ಆ ವರ್ಷದ ಆರಂಭದಲ್ಲಿ ಸ್ಥಳೀಯರ ಕಣ್ಣಿಗೆ ಯಾರೂ ಮುಟ್ಟದ ಗೋರಿಯೊಂದು ಬಿತ್ತು. ಬಾಗಿಲ ಮುದ್ರೆ ಹಾಗೆಯೇ ಇತ್ತು. ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕ ಮಾಸ್ಪೆರೊಗೆ ಸುದ್ದಿ ಮುಟ್ಟಿತು. ಒಳಗಿನ ವಸ್ತುಗಳನ್ನು ಹೊರತೆಗೆಯುವ ಕೆಲಸದಲ್ಲಿ ಎಡ್ವರ್ಡ್ ತೋಡಾ ಎಂಬ ಸ್ಪೇನಿನ ರಾಯಭಾರ ಕಚೇರಿಯ ಅಧಿಕಾರಿ ನಿಂತರು. ಗೋರಿ ಸೆನ್ನೆಜೆಮ್ ಎಂಬ ಕುಶಲಕರ್ಮಿಯದು, ಎರಡನೆಯ ರಾಮೆಸಿಸ್ ಕಾಲದವನು. ಗೋಡೆಯ ಮೇಲೆ ಅವನೂ ಅವನ ಹೆಂಡತಿಯೂ ಪರಲೋಕದ ಹೊಲದಲ್ಲಿ ಬಿಳಿಯ ಬಟ್ಟೆ ತೊಟ್ಟು ಉಳುತ್ತಿದ್ದಾರೆ, ಬಿತ್ತುತ್ತಿದ್ದಾರೆ, ಕೊಯ್ಯುತ್ತಿದ್ದಾರೆ. ಬಣ್ಣ ಇನ್ನೂ ಮಾಸಿಲ್ಲ.

ಶವಪೆಟ್ಟಿಗೆ, ಮಂಚ, ಕುರ್ಚಿ, ಅಳತೆಗೋಲುಗಳ ನಡುವೆ ಎರಡು ತುಂಡಾದ ಒಂದು ಸುಣ್ಣಕಲ್ಲಿನ ಚಪ್ಪಡಿ ಇತ್ತು. ಸುಮಾರು ಒಂದು ಮೀಟರ್ ಉದ್ದ. ಮೈತುಂಬ ಕಪ್ಪು ಶಾಯಿಯ ಹೈರಾಟಿಕ್ ಬರಹ, ಸಾಲಿನ ನಡುನಡುವೆ ಎಲ್ಲಿ ನಿಲ್ಲಬೇಕೆಂದು ತೋರಿಸುವ ಕೆಂಪು ಚುಕ್ಕೆಗಳು. ಮಾಸ್ಪೆರೊ ಓದುತ್ತ ಹೋದಂತೆ ಅದು ಸಿನುಹೆಯ ಕತೆಯ ಆರಂಭ ಎಂದು ತಿಳಿಯಿತು. ಬರ್ಲಿನ್ನಿನಲ್ಲಿ ಇಲ್ಲದ್ದು ಇಲ್ಲಿತ್ತು. ಆ ಸಾಲುಗಳನ್ನು ಅವರು ಅದೇ ವರ್ಷ ಪ್ರಕಟಿಸಿದರು.

ಈ ಶೋಧದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಲ್ಲು ಇದ್ದ ಜಾಗ. ಸತ್ತವನ ಪಕ್ಕ ಈಜಿಪ್ಟಿನವರು ಇಡುತ್ತಿದ್ದುದು ಪರಲೋಕದ ದಾರಿಗೆ ಬೇಕಾದ ವಸ್ತುಗಳನ್ನು. ಆ ಮನೆಯವರು ರೊಟ್ಟಿ, ಎಣ್ಣೆ, ಮಂತ್ರಗಳ ಜೊತೆಗೆ ಒಂದು ಕತೆಯನ್ನೂ ಇಟ್ಟರು. ಸಿನುಹೆಯ ಕತೆಗೆ ಆಗಲೇ ಆರುನೂರು ವರ್ಷ ವಯಸ್ಸಾಗಿತ್ತು. ಭಾಷೆ ಹಳೆಯದಾಗಿತ್ತು, ನಮಗೆ ಹಳಗನ್ನಡವಿದ್ದಂತೆ. ಆದರೂ ಅದನ್ನು ಬಿಡಲಾಗಲಿಲ್ಲ. ಓದುಗರನ್ನು ಒಂದು ಸಾಹಸ ಕತೆ ಎಷ್ಟರಮಟ್ಟಿಗೆ ಹಿಡಿದಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಹತ್ತು ವರ್ಷದ ಮೇಲೆ ಕತೆಯ ಇನ್ನೊಂದು ಪ್ರತಿ ಸಿಕ್ಕಿತು. 1895–96ರ ಚಳಿಗಾಲದಲ್ಲಿ ಕ್ವಿಬೆಲ್ ಎಂಬ ಇಂಗ್ಲಿಷ್ ಉತ್ಖನನಕಾರ ಅದೇ ಪಶ್ಚಿಮ ದಂಡೆಯ ರಾಮೆಸಿಯಮ್ ದೇವಾಲಯದ ಉಗ್ರಾಣಗಳ ಅಡಿಯಲ್ಲಿ ಅಗೆಯುತ್ತಿದ್ದಾಗ ದೇವಾಲಯಕ್ಕಿಂತ ಬಹಳ ಹಳೆಯ ಗೋರಿಯ ಬಾವಿಯೊಂದು ತೆರೆದುಕೊಂಡಿತು. ಅದರ ತಳದಲ್ಲಿ ಒಂದು ಮರದ ಪೆಟ್ಟಿಗೆ, ಮುಚ್ಚಳದ ಮೇಲೆ ನರಿಯ ಚಿತ್ರ. ಒಳಗೆ ಪಪೈರಸ್ ಸುರುಳಿಗಳ ರಾಶಿ, ಒಂದು ಕಟ್ಟು ಬರೆಯುವ ಕಡ್ಡಿ. ಸುತ್ತಲೂ ದಂತದ ಮಾಂತ್ರಿಕ ಕೋಲುಗಳು, ಕಂಚಿನ ನಾಗರ, ಎರಡೂ ಕೈಯಲ್ಲಿ ಹಾವು ಹಿಡಿದ ಸಿಂಹಮುಖದ ಹೆಣ್ಣಿನ ಬೊಂಬೆ. ಇವನ್ನೆಲ್ಲ ಕೂಡಿಟ್ಟವನು ಮಾಂತ್ರಿಕನೋ ವೈದ್ಯನೋ ಇದ್ದಿರಬೇಕು, ಏಕೆಂದರೆ ಸುರುಳಿಗಳಲ್ಲಿ ಹೆಚ್ಚಿನವು ಮದ್ದು ಮತ್ತು ಮಂತ್ರ. ಆದರೆ ಒಂದು ಸುರುಳಿಯ ಒಂದು ಮಗ್ಗುಲಲ್ಲಿ ಸಿನುಹೆ ಇದ್ದ.

ಆ ಪಪೈರಸ್ಸುಗಳು ಮುಟ್ಟಿದರೆ ಪುಡಿಯಾಗುವಂತಿದ್ದವು. ಅವನ್ನು ಬಿಚ್ಚಿ ಗಾಜಿನ ನಡುವೆ ಕೂರಿಸಿದ್ದು ಬರ್ಲಿನ್ನಿನ ಹ್ಯೂಗೊ ಇಬ್ಷರ್. ವಿದ್ವಾಂಸರ ಹೆಸರು ಎಲ್ಲರೂ ಹೇಳುತ್ತಾರೆ. ಇಬ್ಷರ್ ಅವರ ಕೈ ಇಲ್ಲದಿದ್ದರೆ ಓದಲು ಉಳಿಯುತ್ತಿದ್ದುದು ಬರೀ ಧೂಳು. 1909ರಲ್ಲಿ ಇಂಗ್ಲಿಷ್ ವಿದ್ವಾಂಸ ಗಾರ್ಡಿನರ್ ಸಿನುಹೆಯ ಸುರುಳಿಯನ್ನು ಪ್ರಕಟಿಸಿದಾಗ ಕತೆಯ ಆರಂಭ ಹಳೆಯ, ನಂಬಿಕೆಗೆ ಯೋಗ್ಯವಾದ ಪಾಠದಲ್ಲಿ ದೊರೆಯಿತು. ಅಷ್ಟರಲ್ಲಿ ಬರ್ಲಿನ್ ಸುರುಳಿಯಿಂದಲೇ ಕಿತ್ತುಹೋಗಿದ್ದ ಕೆಲವು ಚೂರುಗಳೂ ಇಂಗ್ಲೆಂಡಿನ ಆಮ್‌ಹರ್ಸ್ಟ್ ಎಂಬ ಶ್ರೀಮಂತರ ಸಂಗ್ರಹದಲ್ಲಿ ಪತ್ತೆಯಾಗಿದ್ದವು. ಅದೇ ಮನೆಯ ಈಜಿಪ್ಟ್ ಸಂಗ್ರಹ ನೋಡಿ ಆ ಹುಚ್ಚು ಹಿಡಿಸಿಕೊಂಡ ಹುಡುಗ ಹೊವರ್ಡ್ ಕಾರ್ಟರ್, ಮುಂದೆ 1922ರಲ್ಲಿ ಟೂಟಂಖಾಮನ್ ಗೋರಿ ಕಂಡುಹಿಡಿದವರು.

ಈಗ ಆರಂಭ ಗೊತ್ತು. ರಾಜ ಅಮೆನೆಮ್ಹತ್ ಆಳ್ವಿಕೆಯ ಮೂವತ್ತನೆಯ ವರ್ಷ. ರಾಜ ತೀರಿಕೊಂಡಿದ್ದಾನೆ. ಅರಮನೆಯ ಹೆಬ್ಬಾಗಿಲು ಮುಚ್ಚಿದೆ, ಆಸ್ಥಾನದವರು ಮಂಡಿಯ ಮೇಲೆ ತಲೆಯಿಟ್ಟು ಕೂತಿದ್ದಾರೆ. ಯುವರಾಜ ಸೆನುಸ್ರೆತ್ ಲಿಬಿಯಾ ದಂಡಯಾತ್ರೆಯಿಂದ ಮರಳುತ್ತಿದ್ದಾನೆ, ಸಿನುಹೆಯೂ ಆ ದಂಡಿನಲ್ಲಿದ್ದಾನೆ. ದೂತರು ಗುಟ್ಟಾಗಿ ಸುದ್ದಿ ತರುತ್ತಾರೆ. ಯುವರಾಜ ಸೈನ್ಯಕ್ಕೂ ತಿಳಿಸದೆ ರಾಜಧಾನಿಗೆ ಧಾವಿಸುತ್ತಾನೆ. ಇನ್ನೊಬ್ಬ ರಾಜಕುಮಾರನಿಗೆ ಅದೇ ಸುದ್ದಿ ಹೇಳುತ್ತಿದ್ದುದು ಸಿನುಹೆಯ ಕಿವಿಗೆ ಬೀಳುತ್ತದೆ.

ಸರಿ, ಆದರೆ ಓಡಿದ್ದೇಕೆ? ಅವನು ತಪ್ಪು ಮಾಡಿದ್ದಾನೆಂದು ಕತೆ ಹೇಳುವುದಿಲ್ಲ. ಯಾರೂ ಅವನನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಕೇಳಿದಾಗ ಅವನೇ, ಕನಸಿನಲ್ಲಿ ನಡೆದಂತಾಯಿತು, ಯಾವ ದೇವರು ಎಳೆದೊಯ್ದನೋ ತಿಳಿಯದು ಎನ್ನುತ್ತಾನೆ. ಅರ್ಧ ಶತಮಾನ ಹುಡುಕಿ ಕೂಡಿಸಿದ ಆರಂಭ ಬೇರೆಲ್ಲ ಹೇಳಿ, ಇದೊಂದನ್ನು ಹೇಳಲಿಲ್ಲ. ಬರೆದವನು ಬೇಕೆಂದೇ ಬಿಟ್ಟಿದ್ದಾನೆ ಎಂದು ನಾನು ನಂಬುತ್ತೇನೆ. ಭಯಕ್ಕೆ ಕಾರಣ ಕೊಟ್ಟಿದ್ದರೆ ಅದು ಒಬ್ಬ ನೌಕರನ ಕತೆಯಾಗಿ ಮುಗಿಯುತ್ತಿತ್ತು. ಕೊಡದೆ ಇದ್ದುದರಿಂದ ಓದಿದ ಪ್ರತಿಯೊಬ್ಬನೂ ತನ್ನ ಭಯವನ್ನು ಅಲ್ಲಿ ಇಟ್ಟು ನೋಡಬಹುದು.

ಹತ್ತೊಂಬತ್ತನೆಯ ಶತಮಾನದಿಂದ ಯುರೋಪಿನ ಕಾದಂಬರಿಗಳಲ್ಲಿ ಈಜಿಪ್ಟ್ ಎಂದರೆ ದೂರದ, ನಿಗೂಢ ನಾಡು. ಗೋತಿಯೆ ಮಮ್ಮಿಯ ಪ್ರಣಯ ಬರೆದರು, ಹ್ಯಾಗರ್ಡ್ 1889ರಲ್ಲಿ ಕ್ಲಿಯೋಪಾತ್ರಾ ಬರೆದರು. ನಮ್ಮ ಕಾಲದಲ್ಲಿ ವಿಲ್ಬರ್ ಸ್ಮಿತ್ 1993ರ ‘ರಿವರ್ ಗಾಡ್’ನಿಂದ ಲಕ್ಷಾಂತರ ಓದುಗರನ್ನು ನೈಲ್ ದಂಡೆಗೆ ಕರೆದೊಯ್ದರು. ಸಿನುಹೆಯ ಕತೆಯಲ್ಲಿ ದಿಕ್ಕು ತಿರುಗುಮುರುಗು. ಅಲ್ಲಿ ಈಜಿಪ್ಟ್ ಮನೆ, ಸಾಹಸ ನಡೆಯುವುದು ಹೊರಗೆ. ಸಂಪತ್ತು, ಮಕ್ಕಳು, ಗೆಲುವು ಎಲ್ಲ ಸಿಕ್ಕ ಮೇಲೂ ಮುದಿಯಾದ ಸಿನುಹೆಗೆ ಬೇಕಾದದ್ದು ಹುಟ್ಟಿದ ಮಣ್ಣಿನಲ್ಲಿ ಸಮಾಧಿ. ಈಗ ರಾಜನಾಗಿರುವ ಸೆನುಸ್ರೆತ್ ಪತ್ರ ಬರೆದು ಕರೆಸಿಕೊಳ್ಳುತ್ತಾನೆ. ಪರದೇಶಿಯಂತಾಗಿದ್ದ ಅವನನ್ನು ಕಂಡು ರಾಜನ ಮಕ್ಕಳು ಕಿರುಚುತ್ತಾರೆ, ಇವನು ಅವನಲ್ಲ ಎನ್ನುತ್ತಾರೆ. ಆಮೇಲೆ ಅವನ ಗಡ್ಡ ಬೋಳಿಸಿ, ತಲೆ ಬಾಚಿ, ನಯವಾದ ನಾರುಬಟ್ಟೆ ಉಡಿಸಿ, ಎಣ್ಣೆ ಹಚ್ಚಿ, ಹಾಸಿಗೆಯ ಮೇಲೆ ಮಲಗಿಸುತ್ತಾರೆ. ವಲಸೆ ಹೋಗಿ ಮರಳಿ ಬಂದವರು ಈ ಭಾಗವನ್ನು ಒಣಗಣ್ಣಿನಲ್ಲಿ ಓದುವುದು ಕಷ್ಟ.

ಈಜಿಪ್ಟಿನ ಪಪೈರಸ್ ಎಂದರೆ ಕನ್ನಡಿಗರಿಗೆ ಆಕ್ಸಿರಿಂಕಸ್ ನೆನಪಾಗುತ್ತದೆ. ಅಲ್ಲಿನ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್‌ಗೆ ಸಿಕ್ಕಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದ ಕೆಲವು ಮಾತುಗಳು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಟ್ಜ್ ಹೇಳಿದರು, ಮೈಸೂರಿನ ಶಾಮಶಾಸ್ತ್ರಿಗಳು ಆ ಚರ್ಚೆ ಮುಂದುವರಿಸಿದರು. ವಾದ ಇನ್ನೂ ಇತ್ಯರ್ಥವಾಗಿಲ್ಲ. ಆ ಪ್ರಹಸನ ಸಿನುಹೆಗಿಂತ ಎರಡು ಸಾವಿರ ವರ್ಷ ಈಚಿನದು. ಆದರೆ ಅದರ ಹೂರಣವೂ ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಹೆಣ್ಣೊಬ್ಬಳನ್ನು ಬಿಡಿಸಿ ಮನೆಗೆ ಕರೆದೊಯ್ಯುವುದೇ.

ಸಿನುಹೆ ಇಪ್ಪತ್ತನೆಯ ಶತಮಾನದಲ್ಲಿ ಎರಡು ಸಲ ಮರುಹುಟ್ಟು ಪಡೆದ. ಫಿನ್ಲೆಂಡಿನ ಮಿಕಾ ವಾಲ್ತಾರಿ 1945ರಲ್ಲಿ ಅವನ ಹೆಸರನ್ನು ಅಖೆನಾತನ್ ಕಾಲದ ವೈದ್ಯನೊಬ್ಬನಿಗೆ ಕೊಟ್ಟು ದೊಡ್ಡ ಕಾದಂಬರಿ ಬರೆದರು. 1954ರಲ್ಲಿ ಹಾಲಿವುಡ್ ಅದನ್ನು ಸಿನಿಮಾ ಮಾಡಿತು. ಅದಕ್ಕೂ ಮೊದಲೇ, 1941ರಲ್ಲಿ, ಕೈರೊದ ಯುವ ಲೇಖಕ ನಗೀಬ್ ಮಹ್ಫೂಜ್ ಸಿನುಹೆಯ ಮರಳುವಿಕೆಯನ್ನು ಅರಬ್ಬಿಯಲ್ಲಿ ಸಣ್ಣಕತೆಯಾಗಿ ಬರೆದಿದ್ದರು. ಪ್ರಾಚೀನ ಈಜಿಪ್ಟ್ ಕುರಿತೇ ಮೂರು ಕಾದಂಬರಿ ಬರೆದ ಮೇಲೆ ಅವರು ಕೈರೊದ ಗಲ್ಲಿಗಳತ್ತ ತಿರುಗಿದರು. 1988ರಲ್ಲಿ ಅವರಿಗೆ ನೊಬೆಲ್ ಬಂತು.

ಮಮ್ಮಿ, ಶಾಪ, ನಿಧಿಗಳ ಕಾದಂಬರಿಗಳನ್ನು ಇಷ್ಟಪಡುವವರು ಅವನ್ನು ಬಿಡಬೇಕಾಗಿಲ್ಲ. ಆದರೆ ಒಮ್ಮೆ ಮೂಲಕ್ಕೆ ಬನ್ನಿ. ರಿಚರ್ಡ್ ಪಾರ್ಕಿನ್ಸನ್ ಅವರ ಇಂಗ್ಲಿಷ್ ಅನುವಾದ 1997ರಿಂದ ಸಿಗುತ್ತಿದೆ, ಮಿರಿಯಮ್ ಲಿಖ್‌ಥೈಮ್ ಅವರದು 1973ರದು. ಎರಡರಲ್ಲಿ ಯಾವುದನ್ನಾದರೂ ಒಂದೇ ಕೂತಲ್ಲಿ ಓದಿ ಮುಗಿಸಬಹುದು. ಓದಿದವರಲ್ಲಿ ಯಾರಾದರೂ ಒಳ್ಳೆಯ ಕನ್ನಡ ಬಲ್ಲವರಿದ್ದರೆ, ದಯವಿಟ್ಟು ಅದನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳಿ.